ಚೋಟು ದೂರದ ಕಣ್ಣು

ಮಗಳಿಗೆ ನೇತ್ರಾ ಎಂದು ಹೆಸರಿಟ್ಟವಳು ನಾನೇ. ಐದನೇ ವರ್ಷಕ್ಕೆ ಅವಳ ಮೂಗಿನ ಮೇಲೆ ಚಾಳೀಸು ಏರಿ ಕೂತಿತು. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯನ್ನು ಯಾರೋ ನಮ್ಮ ಮನೆ ನೋಡಿಯೇ ಕಟ್ಟಿರಬೇಕು. ಅವಳದು ಮೈನಸ್ ಐದು, ನನ್ನದು ಮೈನಸ್ ಏಳು. ಚಾಳೀಸು ತೆಗೆದರೆ ಎದುರಿಗಿರುವುದು ಮನುಷ್ಯರೋ ಬಾಗಿಲೋ ಎಂದು ನಾನು ಕೇಳಿಯೇ ತಿಳಿದುಕೊಳ್ಳಬೇಕು.

ನೇತ್ರಾ ಮೂಡಲಗಿಯ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರ್. ಖೋಖೋ ಆಡಿಸುವಾಗ ಈಗಾಗಲೇ ಮೂರು ಚಾಳೀಸು ಒಡೆದುಕೊಂಡಿದ್ದಾಳೆ. ಮೂರನೆಯದು ಒಡೆದ ಸಂಜೆ ಮನೆಗೆ ಬಂದವಳೇ, ಬೆಳಗಾವಿಗೆ ಹೋಗಿ ಕಣ್ಣಿಗೆ ಲೇಸರ್ ಮಾಡಿಸಿ ಚಾಳೀಸನ್ನೇ ಬಿಡುತ್ತೇನೆ ಎಂದಳು.

"ನೀನೂ ಮಾಡಿಸ್ಕೋ ಅವ್ವಾ. ಇಬ್ರೂ ಕೂಡೇ ಹೋಗೂಣು."

ನನಗೇನು ಆಸೆ ಇರಲಿಲ್ಲವೇ? ನನ್ನನ್ನು ನೋಡಲು ಹುಕ್ಕೇರಿಯಿಂದ ಜನ ಬಂದ ದಿನ, ನನ್ನನ್ನು ಸಾಕಿದ ಸೋದರತ್ತೆ ಸುಂದ್ರವ್ವ ನನ್ನ ಚಾಳೀಸು ಕಿತ್ತು ಹಿಟ್ಟಿನ ಡಬ್ಬಿಯೊಳಗೆ ಮುಚ್ಚಿಟ್ಟಿದ್ದಳು. ನಾನು ಚಹಾ ಹಿಡಿದು ಹೋಗಿ, ತಲೆ ತಗ್ಗಿಸಿ, ಬೇಕಾದಷ್ಟು ನಾಚಿಕೊಂಡು ನಿಂತದ್ದು ಅವರ ಜೀಪಿನ ಡ್ರೈವರನ ಮುಂದೆ. ಮದುಮಗ ಶ್ರೀಶೈಲ ಆಚೆ ಮೂಲೆಯಲ್ಲಿ ನಗುತ್ತ ಕೂತಿದ್ದರಂತೆ. ಆ ನಗು ನನಗೆ ಕಾಣಲಿಲ್ಲ. ಮದುವೆಯ ದಿನವೂ ಅದೇ ಕಥೆ. ತಲೆಯ ಮೇಲೆ ಅಕ್ಷತೆ ಬಿದ್ದದ್ದು ಗೊತ್ತು, ಹಾಕಿದವರ ಮುಖ ಒಂದೂ ಗೊತ್ತಿಲ್ಲ. ನನಗೀಗ ನಲವತ್ತೇಳು. ಒಂದು ದಿನವಾದರೂ ತಲೆದಿಂಬಿನ ಕೆಳಗೆ ತಡಕಾಡದೆ ಏಳಬೇಕು ಎಂಬ ಆಸೆ ನನಗೆ ಮಗಳಿಗಿಂತ ಹಳೆಯದು.

ಆದರೆ ನನ್ನ ಅನ್ನ ಇರುವುದೂ ಇದೇ ಕಣ್ಣಿನಲ್ಲಿ. ನಾವು ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ ಮಾಡುವವರು. ಕೆತ್ತಿದ ಗೊಂಬೆಗೆ ಬಿಳಿಮಣ್ಣು ಬಳಿದು, ಉಜ್ಜಿ, ಬಣ್ಣ ಹಾಕಿ, ಸೀರೆ ಒಡವೆ ಎಲ್ಲ ಬರೆದಾದ ಮೇಲೆ ಕೊನೆಗೆ ಕಣ್ಣು ಬರೆಯುತ್ತೇವೆ. ನಮ್ಮಪ್ಪ ಅಪ್ಪಣ್ಣ ಅದನ್ನು ಬೆಳಗಿನ ಬಿಸಿಲಿನಲ್ಲಿ, ಹೊಸ್ತಿಲ ಬಾಜೂ ಕೂತು, ಯಾರೊಡನೆಯೂ ಮಾತಾಡದೆ ಬರೆಯುತ್ತಿದ್ದ. ಅವನು ಬರೆಯುತ್ತಿದ್ದದ್ದು ಒಂದೇ ನಮೂನೆಯ ಕಣ್ಣು. ಹೊರತುದಿ ತುಸು ಕೆಳಗೆ ಬಾಗಿ, ತುಟಿಗಿಂತ ಮೊದಲೇ ನಕ್ಕಂತಿರುವ ಕಣ್ಣು. ಎಡಗಣ್ಣಿನ ಕಪ್ಪಿನೊಳಗೆ ಸಾಸಿವೆಯ ಕಾಲುಭಾಗದಷ್ಟು ಒಂದು ಜೇನುಬಣ್ಣದ ಚುಕ್ಕೆ.

"ಯಾರ ಕಣ್ಣಪ್ಪಾ ಇವು?" ಎಂದು ಒಮ್ಮೆ ಕೇಳಿದ್ದೆ.

"ನಿಮ್ಮವ್ವನ್ವು," ಎಂದು ಮತ್ತೆ ಕುಂಚ ಎತ್ತಿಕೊಂಡಿದ್ದ.

ನನ್ನವ್ವ ಕೆಂಚವ್ವ ನನಗೆ ಮೂರು ವರ್ಷವಿದ್ದಾಗ ತೀರಿಹೋದಳು. ಫೋಟೋ ಇಲ್ಲ. ನನಗೆ ಅವಳ ಮುಖ ನೆನಪಿಲ್ಲ, ಕೆಂಪು ಸೀರೆಯ ಒಂದು ಮಬ್ಬು ಮಾತ್ರ ಇದೆ. ಅವಳದೆಂದು ನನಗೆ ಸಿಕ್ಕಿದ್ದು ಗೊಂಬೆಯ ಮುಖದ ಮೇಲಿನ ಈ ಎರಡು ಕಣ್ಣು.

ಏಳನೇ ವಯಸ್ಸಿಗೆ ನಾನು ಅಪ್ಪನಿಗಿಂತ ಸಣ್ಣದಾಗಿ ಆ ಚುಕ್ಕೆ ಇಡತೊಡಗಿದೆ. ಗೊಂಬೆಯನ್ನು ಮೂಗಿನ ಹತ್ತಿರ, ಒಂದು ಚೋಟು ದೂರದಲ್ಲಿ ಹಿಡಿದರೆ ರೆಪ್ಪೆಯ ಕೂದಲು ಕೂಡ ಬಿಡಿಬಿಡಿಯಾಗಿ ಕಾಣುತ್ತಿತ್ತು. ದೇವರ ವರ ಎಂದ ಅಪ್ಪ. ಅದೇ ಹೊತ್ತಿಗೆ ಸಾಲಿಯ ಉದ್ದಪ್ಪ ಮಾಸ್ತರರು, ಹುಡುಗಿಗೆ ಹಲಗೆ ಕಾಣುವುದಿಲ್ಲ, ಚಾಳೀಸು ಮಾಡಿಸಿ ಎಂದು ಹೇಳಿ ಕಳಿಸಿದರು. ಚಾಳೀಸು ಹಾಕಿದರೆ ವರ ಕೆಟ್ಟೀತು ಎಂದು ಅಪ್ಪ ಒಂದಲ್ಲ, ಎರಡು ವರ್ಷ ತಳ್ಳಿದ. ನಾನು ಎರಡು ವರ್ಷ ಮಾಸ್ತರರ ಛಡಿ ತಿಂದೆ.

ಕೊನೆಗೊಂದು ದಿನ ಘಟಪ್ರಭಾದ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊಸ ಚಾಳೀಸು ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ನಿಂತಾಗ, ದೂರದಲ್ಲಿ ಬರುತ್ತಿದ್ದ ಬಸ್ಸಿನ ಹಲಗೆಯನ್ನು ನಾನು ಜೋರಾಗಿ ಓದಿದೆ: "ಹುಕ್ಕೇರಿ!" ಅಪ್ಪ ನನ್ನನ್ನೇ ನೋಡಿದ. ಮುಂದಿನದು ಮೂಡಲಗಿ, ಅದರ ಮುಂದಿನದು ಸಂಕೇಶ್ವರ. ಗೋಕಾಕದ ಬಸ್ಸು ಬಂದರೂ ಅವನು ಹತ್ತಲಿಲ್ಲ. "ಇನ್ನೊಂದು ಬರ್ಲಿ, ಅದನ್ನೂ ಓದು," ಎಂದ. ಹೀಗೆ ನಮ್ಮೂರಿನ ಮೂರು ಬಸ್ಸು ಬಿಟ್ಟೆವು. ನಾಲ್ಕನೆಯದರಲ್ಲಿ ಕೂತ ಮೇಲೆ, ಕಿಟಕಿಯ ಕಡೆ ಮುಖ ಮಾಡಿ, "ನಂದ ತಪ್ಪಾತವಾ," ಎಂದ. ಅವನು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ, ಅದೂ ಹೊಸ ಚಾಳೀಸಿನಲ್ಲಿ. ಇವತ್ತಿಗೂ ಆ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ನನ್ನ ಬಾಯಿ ತಾನೇ ಹಲಗೆ ಓದುತ್ತದೆ.

ಲೇಸರಿನ ಸುದ್ದಿ ಓಣಿಗೆ ತಿಳಿಯಲು ಎಷ್ಟು ಹೊತ್ತು ಬೇಕು? ನಮ್ಮಲ್ಲಿ ಗೊಂಬೆಗೆ ಮಣ್ಣು ಬಳಿಯುವ ಶಹನಾಜಬಿ ಮರುದಿನವೇ ಒಂದು ಕಥೆ ಹೊತ್ತು ಬಂದಳು.

"ಮೂಡಲಗ್ಯಾಗ ಒಬ್ಬಾಂವ ಲೇಸರ್ ಮಾಡಿಸ್ಕೊಂಡು ಕುರ್ಡ ಆಗ್ಯಾನಂತ, ರಾಜಕ್ಕ."

ನೇತ್ರಾ ವಿಚಾರಿಸಿದಳು. ಆ ಮನುಷ್ಯನಿಗೆ ಸಕ್ಕರೆ ಕಾಯಿಲೆಯಿತ್ತು, ಲೇಸರಿನ ಬಾಗಿಲನ್ನೇ ಅವನು ನೋಡಿರಲಿಲ್ಲ.

ಬೆಳಗಾವಿಯ ಕಣ್ಣಿನ ಡಾಕ್ಟರ್ ಸರಿತಾ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ನೇತ್ರಾ ಮೈದಾನದಲ್ಲಿ ಹುಲಿ, ಆಸ್ಪತ್ರೆಯಲ್ಲಿ ಇಲಿ. ಹೆದರಿ ಹೆದರಿ ಕೇಳಿದಳು.

"ನೋಯ್ತೈತೇನ್ರಿ?"

"ಹನಿ ಹಾಕಿ ಕಣ್ಣ ಜೋಮು ಹಿಡಸ್ತೇವಿ. ಒತ್ತಿದಂಗ ಆಗತೈತಿ, ಅಷ್ಟ. ಮನಿಗೆ ಹೋದಮ್ಯಾಲ ಒಂದ್ನಾಕ ತಾಸು ಉರೀತೈತಿ."

"ನಡುವ ನಾ ರೆಪ್ಪಿ ಬಡದ್ರ? ಸೀನು ಬಂದ್ರ?"

"ರೆಪ್ಪಿ ಹಿಡ್ಯಾಕ ಕ್ಲಿಪ್ ಇರ್ತೈತಿ. ಕಣ್ಣ ಸರದ್ರ ಮಷೀನು ತಾನ ನಿಂದರ್ತೈತಿ."

ಮತ್ತೆ ನಂಬರು ತಿರುಗಿ ಬರುತ್ತದೆಯೇ ಎಂದಳು. ಎರಡು ವರ್ಷದಿಂದ ನಂಬರು ಬದಲಾಗಿಲ್ಲ, ಪಾಪೆಯ ಮೇಲಿನ ಗಾಜಿನಂಥ ಪೊರೆ ಸಾಕಷ್ಟು ದಪ್ಪ ಇದೆ, ಬರುವ ಸಂಭವ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವುದಿಲ್ಲ ಎಂದರು ಡಾಕ್ಟರು. ಕೆಲವು ತಿಂಗಳು ಕಣ್ಣು ಒಣಗಿದಂತಾಗಬಹುದು, ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಒಂದು ವಾರ ಕಣ್ಣಿಗೆ ನೀರು ತಾಗಿಸಬಾರದು ಎಂದಾಗ ನೇತ್ರಾ ಬಹಳ ಗಂಭೀರವಾಗಿ ಕೇಳಿದಳು.

"ಅಳು ಬಂದ್ರ ಏನ ಮಾಡ್ಲಿರಿ?"

ಡಾಕ್ಟರು ನಕ್ಕರು. "ಅಳಬಹುದು. ತಿಕ್ಕಬಾರದು."

ಆಮೇಲೆ ನನ್ನ ಕಡೆ ತಿರುಗಿ, "ನೀವು ಏನ್ ಕೆಲ್ಸ ಮಾಡ್ತೀರಿ?" ಎಂದರು. ಅವರಿಗೆ ಕೊಡಬೇಕೆಂದು ತಂದಿದ್ದ ಗೊಂಬೆಯನ್ನು ಚೀಲದಿಂದ ತೆಗೆದು, ಚಾಳೀಸು ಬಿಚ್ಚಿ, ಮೂಗಿನ ಹತ್ತಿರ ಹಿಡಿದು ತೋರಿಸಿದೆ. ಅವರ ನಗು ನಿಂತಿತು. ಪರೀಕ್ಷೆಯ ಕಬ್ಬಿಣದ ಚೌಕಟ್ಟು ನನ್ನ ಮೂಗಿಗೇರಿಸಿ ಗಾಜು ಹಾಕಿದರು.

"ಲೇಸರ್ ಆದಮ್ಯಾಲ ಹಿಂಗ ಕಾಣತೈತಿ. ಈಗ ಗೊಂಬಿ ನೋಡ್ರಿ."

ಗೋಡೆಯ ಮೇಲಿನ ಕೊನೆಯ ಸಾಲು ಕಂಡಿತು. ಗೊಂಬೆಯ ಕಣ್ಣು ಕರಗಿಹೋಯಿತು. ಮತ್ತೊಂದು ಗಾಜು ಹಾಕಿದರು. ಈಗ ಕಣ್ಣು ಕಂಡಿತು, ಆದರೆ ದೂರದಲ್ಲಿ, ಬೇರೆಯವರ ಮನೆಯ ಕಿಟಕಿಯಿಂದ ನೋಡಿದ ಹಾಗೆ.

"ನಲವತ್ತು ದಾಟಿದವ್ರಿಗೆ ಹತ್ರದ್ದು ನೋಡಾಕ ಚಾಳೀಸು ಬೇಕಾಗತೈತ್ರಿ. ನಿಮಗ ಬೇಕಾಗಿಲ್ಲ, ಯಾಕಂದ್ರ ಈ ಮೈನಸ್ ನಂಬರ್ ಐತಿ. ಅದನ್ನ ತಗದ್ರ ಈ ಹತ್ರದ ನೋಟಾನೂ ಹೋಗತೈತಿ. ಚಾಳೀಸು ಹಾಕ್ಕೊಂಡು ಬರೀಬೇಕಾಗತೈತಿ. ವಿಚಾರ ಮಾಡ್ರಿ."

ಅಪ್ಪ ದೇವರ ವರ ಎಂದದ್ದು ಮೈನಸ್ ಏಳು ನಂಬರು! ನನಗೆ ನಗು ಬಂತು, ಬೆನ್ನಿಗೇ ಸಿಟ್ಟು ಬಂತು. ವರವಲ್ಲವೆಂದ ಮೇಲೆ ಹೋದರೇನು ಎಂದು ಆ ಸಿಟ್ಟಿನಲ್ಲೇ ಹೆಸರು ಬರೆಸಿದೆ. ಹದಿನೈದು ದಿನ ಬಿಟ್ಟು ಗುರುವಾರ ನೇತ್ರಾಳದು, ಮರುದಿನ ಶುಕ್ರವಾರ ಹನ್ನೊಂದಕ್ಕೆ ನನ್ನದು. "ಮೊದಲ ನಂದು ಆಗ್ಲಿ ಅವ್ವಾ. ಏನರ ಆದ್ರ ನಿನ್ನ ಕಣ್ಣ ಉಳೀತಾವು," ಎಂದಳು ಹುಚ್ಚು ಹುಡುಗಿ.

ಊರಿಗೆ ಬಂದ ಮೇಲೆ ಸಿಟ್ಟು ಇಳಿದು ಹೆದರಿಕೆ ಹತ್ತಿತು. ಇದ್ದ ಹದಿನೈದು ದಿನದಲ್ಲಿ ಇನ್ನೂ ಸೀರೆ ಬರೆಯದ, ಮಣ್ಣು ಒಣಗಿದ ಗೊಂಬೆಗಳಿಗೆಲ್ಲ ಕಣ್ಣು ಬರೆದು ಬರೆದು ಇಟ್ಟೆ. ಅವ್ವನ ಕಣ್ಣನ್ನು ಉಪ್ಪಿನಕಾಯಿಯ ಹಾಗೆ ಮುಂದಿನ ವರ್ಷಕ್ಕೆ ಹಾಕಿಡುತ್ತಿದ್ದೆ. ಶಹನಾಜಬಿ ಕಪಾಟು ತೆರೆದವಳು ಹೌಹಾರಿದಳು.

"ಸೀರಿ ಉಡಸೂದ್ರಾಗ ಕಣ್ಣ ತೆರಸೀಯಲ್ಲ, ಗೊಂಬಿ ನಾಚ್ಕೊಳ್ಳೂದಿಲ್ಲೇನ?"

ಗೊಂಬೆಗಳ ಮಾತು ಬಿಡಿ, ನನಗೇ ನಾಚಿಕೆಯಾಯಿತು. ಕಣ್ಣು ಕೊನೆಗೆ ಎಂಬ ಅಪ್ಪನ ಮಾತನ್ನು ನಾನು ಮುರಿದದ್ದು ಅದೇ ಮೊದಲು.

ಗುರುವಾರ ನೇತ್ರಾಳದು ಅರ್ಧ ತಾಸಿನಲ್ಲಿ ಮುಗಿಯಿತು. ಶುಕ್ರವಾರ ಬೆಳಗ್ಗೆ ನಾವಿಬ್ಬರೂ ಆಸ್ಪತ್ರೆಯ ಕಿಟಕಿಯ ಬಳಿ ಕೂತೆವು. ನನಗೆ ಹಾಕುವ ಹನಿಯ ಬಾಟಲಿ ಟೇಬಲ್ಲಿನ ಮೇಲಿತ್ತು. ಡಾಕ್ಟರು ನೇತ್ರಾಳ ಕಣ್ಣಿನ ಮುಚ್ಚಳ ತೆಗೆದರು. ಅವಳು ಮೆಲ್ಲಗೆ ಕಣ್ಣು ತೆರೆದು ಕಿಟಕಿಯಾಚೆ ನೋಡಿದಳು.

"ಅವ್ವಾ, ಬಸ್ಸು!" ಎಂದಳು. "ಗೋ-ಕಾ-ಕ. ಓದಾಕ ಬರ್ತೈತಿ!"

ನನಗೆ ಘಟಪ್ರಭಾದ ಬಸ್‌ಸ್ಟ್ಯಾಂಡ್ ನೆನಪಾಗಿ ಎದೆ ತುಂಬಿ ಬಂತು. ನನ್ನ ಚಾಳೀಸು ಮಂಜಾಯಿತು. ಅದನ್ನು ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದಾಗ ಅವಳು ಖುಷಿಗೆ ನನ್ನನ್ನು ತಬ್ಬಿ, ಮುಖವನ್ನು ನನ್ನ ಮುಖದ ಹತ್ತಿರ ತಂದಳು. ಸರಿಯಾಗಿ ಒಂದು ಚೋಟು.

ಇಷ್ಟು ವರ್ಷ ನಾನು ಅವಳ ಕಣ್ಣನ್ನು ನೋಡಿದ್ದು ಎರಡು ಗಾಜಿನಾಚೆಯಿಂದ, ಅವಳದೊಂದು, ನನ್ನದೊಂದು. ಅವಳಿಗೆ ಚಾಳೀಸು ಬರುವ ಮೊದಲೂ ನಾನು ನನ್ನದನ್ನು ಬಿಚ್ಚುತ್ತಿದ್ದದ್ದು ಗೊಂಬೆಯ ಮುಂದೆ ಮಾತ್ರ. ಮೈನಸ್ ಗಾಜಿನ ಹಿಂದೆ ಕಣ್ಣು ಚಿಕ್ಕದಾಗಿ ಕಾಣುತ್ತದೆ. ಚಾಳೀಸು ತೆಗೆದಾಗಲೆಲ್ಲ ಅವಳು ಕಣ್ಣು ಕಿರಿದು ಮಾಡಿ ತಡಕಾಡುತ್ತಿದ್ದಳು. ಈಗ ಅದು ಪೂರ್ತಿ ತೆರೆದಿತ್ತು. ಹೊರತುದಿ ತುಸು ಕೆಳಗೆ ಬಾಗಿತ್ತು. ತುಟಿಗಿಂತ ಮೊದಲೇ ನಗುತ್ತಿತ್ತು. ಎಡಗಣ್ಣಿನ ಕಪ್ಪಿನೊಳಗೆ ಒಂದು ಜೇನುಬಣ್ಣದ ಚುಕ್ಕೆ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು. ನಲವತ್ತು ವರ್ಷ ಕಟ್ಟಿಗೆಯ ಮೇಲೆ ಬರೆದ ಕಣ್ಣು ನನ್ನೆದುರು ರೆಪ್ಪೆ ಬಡಿಯಿತು.

"ಏನಾತವ್ವಾ?"

"ಎಡಗಣ್ಣಾಗ ಚುಕ್ಕಿ ಐತಲ್ಲ ನಿನಗ."

"ಹುಟ್ಟಿದಾಗಿಂದ ಐತಿ. ನೀ ನೋಡಿಲ್ಲೇನ?"

ಡಾಕ್ಟರು ಹನಿಯ ಬಾಟಲಿ ಎತ್ತಿಕೊಂಡು ಬಂದರು. "ಬರ್ರಿ, ಈಗ ನಿಮ್ಮ ಪಾಳಿ."

ಲೇಸರ್ ಆದ ಮೇಲೂ ಹತ್ತಿರದ ಚಾಳೀಸು ಹಾಕಿದರೆ ಈ ಕಣ್ಣು ಕಾಣುತ್ತದೆ ಎಂದು ನನಗೆ ಗೊತ್ತು. ಕಿಟಕಿಯಿಂದ ಕಂಡಂತೆ ಕಾಣುತ್ತದೆ. ನನಗೆ ಅಷ್ಟು ಸಾಲದು.

"ನನ್ನ ಹೆಸರು ಹೊಡದ್ ಹಾಕ್ರಿ ಡಾಕ್ಟರ್ರ," ಎಂದೆ. "ನಾ ಹಿಂಗ ಇರ್ತೇನಿ."

ನೇತ್ರಾಳಿಗೆ ಗೊಂಬೆಯ ಕಣ್ಣು ಯಾರದೆಂದು ಗೊತ್ತು, ಅದರ ಚುಕ್ಕೆಯೂ ಗೊತ್ತು, ತನ್ನದರ ಜೊತೆ ಅದನ್ನು ಎಂದೂ ಕೂಡಿಸಿ ನೋಡಿರಲಿಲ್ಲ. ಅರ್ಥವಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳ ಕಣ್ಣು ತುಂಬಿ ಹರಿಯಿತು, ಕೈ ತಾನಾಗಿ ಮೇಲೆದ್ದಿತು. ನಾನು ಅವಳ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಅಳು ಬೇಕಾದ್ರ," ಎಂದೆ. "ತಿಕ್ಕಬ್ಯಾಡ."