ಹಿರಿಯರ ಕೊರಕಲು

ಮಗ ಎರ್ಮೆಕ್ ಆ ಸುದ್ದಿ ಹೇಳಿದಾಗ ಊಲ್ಕಾನ್ ಚಹಾ ಬಗ್ಗಿಸುತ್ತಿದ್ದಳು. ಕೈ ನಿಲ್ಲಲಿಲ್ಲ, ಬಟ್ಟಲು ಅಂಚಿನವರೆಗೆ ತುಂಬಿತು.

"ಇದೇನಮ್ಮಾ, ತುಂಬಿದ ಬಟ್ಟಲು ಕೊಡ್ತಿದೀಯ? ಕುಡಿದು ಜಾಗ ಖಾಲಿ ಮಾಡು ಅಂತಲಾ? ಹೆತ್ತ ಮಗನಿಗೇ?" ಎಂದು ಎರ್ಮೆಕ್ ನಕ್ಕ.

"ಆಮೇಲೆ ನಗುವಂತೆ. ನೀವು ಮಲಗೋ ಮನೆ ಎಲ್ಲಿ ಕಟ್ತಾರಂತೆ, ಇನ್ನೊಂದ್ಸಲ ಹೇಳು."

"ಅದೇ, ಘಾಟಿ ಮೇಲೆ, ಅಜ್ಜನ ಹೆಸರಿನ ಕೊರಕಲಿದೆಯಲ್ಲ, ಅದರ ಬುಡದಲ್ಲಿ. ನೀರು ಹತ್ರ, ಗಾಳಿ ಕಮ್ಮಿ. ಈ ಚಳಿಗಾಲದಿಂದ ರಸ್ತೆ ಹಿಮ ಬಳಿಯೋ ಬುಲ್ಡೋಜರ್ ಓಡಿಸೋ ನಾವೆಲ್ಲ ಅಲ್ಲೇ ಮಲಗೋದು. ಒಲೆ ಇರತ್ತೆ, ಬಿಸಿನೀರು ಇರತ್ತೆ. ನಮಗೂ ಒಳ್ಳೇ ಕಾಲ ಬಂತು."

ಆ ಕೊರಕಲಿನ ಹೆಸರು ಶಾರ್ಶೆನ್ ಕೊರಕಲು. ಹೇಳುವುದಕ್ಕೆ ನಮಗೇನೂ ಅಡ್ಡಿಯಿಲ್ಲ, ನಾವು ಆ ಮನೆಗೆ ಸೊಸೆಯಾಗಿ ಬಂದವರಲ್ಲ. ಊಲ್ಕಾನಳಿಗೆ ಅಡ್ಡಿಯಿತ್ತು. ಅವಳ ಮಾವನ ಹೆಸರೂ ಶಾರ್ಶೆನ್. ಕೊರಕಲಿಗೆ ಹೆಸರು ಕೊಟ್ಟವನು ಎಂದೋ ಸತ್ತ ಯಾವನೋ ಕುರಿಗಾಹಿ, ಮಾವನಿಗೂ ಅವನಿಗೂ ನಂಟಿಲ್ಲ. ಆದರೇನು, ಮಾವನ ಹೆಸರು ಕಲ್ಲಿಗಿರಲಿ, ಕತ್ತೆಗಿರಲಿ, ಸೊಸೆಯ ಬಾಯಲ್ಲಿ ಬರಕೂಡದು. ಬುಧವಾರಕ್ಕೆ ಅವರ ಮಾತಿನಲ್ಲಿರುವ ಹೆಸರು ಮಾವನ ಹೆಸರಿಗೆ ತುಸು ಹತ್ತಿರ ಎಂದು ಅವಳು ಬುಧವಾರವನ್ನೂ ಬಿಟ್ಟಿದ್ದಳು. "ಮಂಗಳವಾರದ ಮರುದಿನ" ಎನ್ನುತ್ತಿದ್ದಳು. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಗಂಡನೂ ಹೋಗಿದ್ದ, ಬುಧವಾರ ಮಾತ್ರ ಇನ್ನೂ ಆ ಮನೆಗೆ ಬಂದಿರಲಿಲ್ಲ.

"ಆ ಕೊರಕಲಲ್ಲಿ ಹಿಮ ಕುಸಿಯತ್ತೆ ಕಣೋ. ಹೊಳೆ ದಾಟಿ ಆಚೆ ದಡದವರೆಗೂ ಬರತ್ತೆ. ನಾನು ಕಣ್ಣಾರೆ ಕಂಡಿದೀನಿ."

"ನಾನು ಗಾಡಿ ಓಡಿಸೋಕೆ ಶುರುಮಾಡಿದ ಮೇಲಂತೂ ಬಂದಿಲ್ಲ. ಕಡತದಲ್ಲೂ ಇಲ್ಲವಂತೆ. ಕಾಗದ ಕೊಟ್ಟಿರೋದು ಬೇರೆ ಯಾರೂ ಅಲ್ಲ, ನಿನ್ನ ಸೊಸೇನೇ. ಅವಳನ್ನೇ ಕೇಳು," ಎಂದು ಎರ್ಮೆಕ್ ಬಟ್ಟಲನ್ನು ಜೋಪಾನವಾಗಿ ತುಟಿಗೆತ್ತಿದ.

ಸೊಸೆ ಬೆಗಿಮಾಯ್ ನಾರಿನ್ ಪಟ್ಟಣದ ಕಚೇರಿಯಲ್ಲಿದ್ದಳು. ಹಿಮ ಅಳೆಯುತ್ತಿದ್ದ ಹಳೆಯ ಹಿಮಠಾಣೆಗಳ ಲೆಕ್ಕವನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಿ, ನಕ್ಷೆಗೆ ಹೊಂದಿಸಿ, ಮುಂದಿನವರಿಗೆ ಉಳಿಯುವಂತೆ ಕಂಪ್ಯೂಟರಿನಲ್ಲಿ ಇಡುವುದು ಅವಳ ಕೆಲಸ. ಸಂಜೆ ಅವಳು ಬಾಗಿಲಲ್ಲಿ ಬೂಟು ಕಳಚುವ ಮೊದಲೇ ಅತ್ತೆ ಶುರುಮಾಡಿದಳು.

"ಬಾರಮ್ಮ ಬಾ. ಗಂಡನಿಗೆ ಗೋರಿ ಜಾಗ ಗುರುತು ಮಾಡಿಕೊಟ್ಟು ಬಂದ್ಯಾ?"

"ಏನಾಯ್ತು ಎನೆ? ಕೈಯನ್ನಾದ್ರೂ ತೊಳ್ಕೊಳ್ಳೋಕೆ ಬಿಡಿ." ಅತ್ತೆಯನ್ನು ಅವಳು ಎನೆ ಎಂದೇ ಕರೆಯುತ್ತಿದ್ದಳು.

"ಅವರ ಕೊರಕಲಲ್ಲಿ ಹಿಮ ಕುಸಿಯೋದೇ ಇಲ್ಲ ಅಂತ ಬರ್ಕೊಟ್ಯಂತೆ?"

"ನಾನು ಬರೆದಿದ್ದಲ್ಲ, ಪಟ್ಟೀಲಿರೋದು. ತೊಂಬತ್ತೊಂದರ ತನಕ ಸುಮಾರು ಸಲ ಬಂದಿದೆ. ಆಮೇಲೆ ಒಂದೂ ಇಲ್ಲ. ಹಿಮ ಕಮ್ಮಿಯಾಗಿದೆ, ಕೊರಕಲು ಸುಮ್ಮನಾಗಿದೆ ಅಂತ ಕಟ್ಟೋ ಜಾಗ ಗೊತ್ತುಮಾಡೋ ಸಮಿತಿಯವರು ಅಂದ್ಕೊಂಡಿದಾರೆ."

ಊಲ್ಕಾನ್ ಸೊಂಟದ ಮೇಲೆ ಕೈಯಿಟ್ಟಳು. ತೊಂಬತ್ತೆರಡರಲ್ಲಿ ಸರ್ಕಾರದ ಸಾಮೂಹಿಕ ಕೃಷಿ ಕೇಂದ್ರ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. ಆ ವರ್ಷವೇ ಅವಳು ಘಾಟಿಯ ಹಿಮಠಾಣೆಗೆ ಸೇರಿದವಳು. ಠಾಣೆ ಮುಚ್ಚುವ ತನಕ ಹಿಮ ಅಳೆದವಳು, ಕುಸಿತ ಬರೆದವಳು ಅವಳೇ. ಯಾವುದೋ ಯೋಜನೆಯವರು ಒಂದು ಕಂಪ್ಯೂಟರ್ ತಂದಿಟ್ಟಾಗ ತಾನು ಬರೆದದ್ದನ್ನೆಲ್ಲ ಒಂದೊಂದೇ ಬೆರಳಿನಲ್ಲಿ ಕುಟ್ಟಿ ಒಳಗೆ ಹಾಕಿದವಳೂ ಅವಳೇ. ಕಾಗದದ ಕಂತೆಗಳು ಆಮೇಲೆ ಸೂರು ಸೋರಿ ಗಂಜಿಯಾದವು.

"ನಾನು ಬರೆದಿದೀನಿ! ಒಂದ್ಸಲ ಅಲ್ಲ, ಸುಮಾರು ಸಲ! ನಿಮ್ಮ ಯಂತ್ರ ನುಂಗಿಬಿಡ್ತು ಅನ್ನು."

"ನುಂಗಿಲ್ಲ ಎನೆ. ಡಿಸ್ಕಿಂದ ಡಿಸ್ಕಿಗೆ ಹೋಗೋವಾಗ ಪ್ರತಿ ಸಲ ತಾಳೆ ನೋಡಿದೀವಿ. ನೀವು ಕುಟ್ಟಿದ್ರಲ್ಲಿ ಒಂದಕ್ಷರ ಕೆಟ್ಟಿಲ್ಲ."

"ಹಾಗಾದ್ರೆ ತೆಗಿ, ನೋಡೇಬಿಡೋಣ."

ಊಟದ ಬಟ್ಟೆಯನ್ನು ಮಡಚಿ ಸರಿಸಿ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತರು. ಎರ್ಮೆಕ್ ಕುರುತ್ ಉಂಡೆಯೊಂದನ್ನು ಬಾಯಿಗೆಸೆದುಕೊಂಡು ಮೊಸರಿನ ಹುಳಿ ಚೀಪುತ್ತಾ ತಮಾಷೆ ನೋಡುತ್ತಿದ್ದ. ಸಾಲುಗಳು ಉರುಳಿದವು. ತಾನು ಬರೆದದ್ದನ್ನು ಊಲ್ಕಾನ್ ಗುರುತು ಹಿಡಿಯುತ್ತಾ ಹೋದಳು. ಗಾಳಿ ಹುಚ್ಚೆದ್ದ ಆ ಮಾರ್ಚ್, ಅಳತೆಕೋಲೇ ಮುಳುಗಿಹೋದ ಆ ಚಳಿಗಾಲ. ಕೊನೆಗೆ ಪರದೆಯ ಮೇಲೆ ಬೆರಳು ಊರಿದಳು.

"ಇದೇನಿದು ಮತ್ತೆ? ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ. 'ಹಿರಿಯರ ಕೊರಕಲು, ಹೊಳೆ ದಾಟಿತು, ತಂತಿ ಕಂಬ ಮುರಿಯಿತು.' ಇಲ್ಲೊಂದು. ಇಲ್ಲಿನ್ನೊಂದು. ಕಣ್ಣು ಎಲ್ಲಿಟ್ಕೊಂಡಿದ್ರಿ?"

"ಅದು ಬೇರೆ ಕೊರಕಲಲ್ವಾ? ಘಾಟಿಯ ಆಚೆ ಮಗ್ಗುಲಲ್ಲಿ ಹಿರಿಯರ ಗೋರಿ ಇದೆಯಲ್ಲ, ಜನ ಹರಕೆ ಬಟ್ಟೆ ಕಟ್ತಾರಲ್ಲ, ಅದರ ಪಕ್ಕದ್ದು. ನಕ್ಷೆಯಲ್ಲಿ ಅಲ್ಲಿಗೇ ಸೇರಿಸಿದೀವಿ."

"ಆ ಗೋರಿ ಹತ್ರ ಯಾವ ತಂತಿ ಕಂಬ ಇತ್ತು? ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಲಿಲ್ಲ. ಹಿರಿಯರು ಅಂದ್ರೆ ಇನ್ಯಾರು ಅಂತ..." ಬೆಗಿಮಾಯ್ ಅಲ್ಲಿಗೇ ನಿಂತಳು. ಅತ್ತೆಯ ಮುಖ ನೋಡಿದಳು. "ಅಯ್ಯೋ ಎನೆ. ಅಜ್ಜ! ನಿಮ್ಮ ಮಾವ."

ಎರ್ಮೆಕ್ ಕುರುತ್ ಚೀಪುವುದನ್ನು ಬಿಟ್ಟಿದ್ದ. ಅವನು ಮಲಗಬೇಕಾದ ಮನೆಯ ಸೂರಿನ ಮೇಲೆ ಬರುವ ಹಿಮ ಆ ಸಾಲುಗಳಲ್ಲಿತ್ತು.

ಊಲ್ಕಾನ್ ಆ ಹೆಸರನ್ನು ಬಚ್ಚಿಟ್ಟಿರಲಿಲ್ಲ. ಠಾಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ರೇಡಿಯೋದಲ್ಲಿ ಅವಳು "ಹಿರಿಯರದು ಬಂತು" ಎಂದರೆ ಕೆಳಗಿನವನು ಯಾವುದು ಎಂದು ಕೇಳದೆ ಬರೆದುಕೊಳ್ಳುತ್ತಿದ್ದ. ಸೊಸೆಯಾದವಳು ಇನ್ನು ಹೇಗೆ ಬರೆದಾಳು? ಕೇಳಿದರೆ ಕೇಳಿದವನೇ ದಡ್ಡನಾಗುತ್ತಿದ್ದ. ಆಮೇಲೆ ಠಾಣೆ ಮುಚ್ಚಿತು, ರೇಡಿಯೋದವನು ಸತ್ತ, ಉಳಿದವರು ಬದುಕು ಹುಡುಕಿ ರಷ್ಯಾದ ಪಾಲಾದರು. ಕಚೇರಿಗೆ ಹೊಸ ಹುಡುಗ ಹುಡುಗಿಯರು ಬಂದರು. ಅವರ ಮನೆಗಳಲ್ಲಿ ಸೊಸೆಯರು ಮಾವನನ್ನು ಹೆಸರು ಹಿಡಿದು ಕರೆಯದಿದ್ದರೂ ಬುಧವಾರವನ್ನು ಬುಧವಾರ ಎಂದೇ ಅನ್ನುತ್ತಿದ್ದರು. ಅಕ್ಷರ ಹಾಗೇ ಉಳಿದು, ಅದನ್ನು ಬಲ್ಲವರು ಕರಗಿಹೋಗಿದ್ದರು.

"ಈಗಲೇ ಸರಿಮಾಡ್ತೀನಿ," ಎಂದಳು ಬೆಗಿಮಾಯ್. "ಈ ಹೆಸರು ಅಂದ್ರೆ ಏನು ಅಂತ ಒಂದು ವಿವರಣೆ ಸೇರಿಸಬೇಕು. ಬರೆದವರು ನೀವು, ನೀವೇ ಹೇಳಿ. ನಾಳೆಯವರಿಗಷ್ಟೇ ಅಲ್ಲ, ನಾವ್ಯಾರೂ ಇಲ್ಲದ ಕಾಲದಲ್ಲಿ ಓದೋರಿಗೂ ತಿಳೀಬೇಕು."

"ಬರ್ಕೋ. ಹಿರಿಯರು ಅಂದ್ರೆ ನಮ್ಮನೆ ಹಿರಿಯರು."

"ಯಾರ ಮನೆ ಅಂತ ಕೇಳ್ತಾರೆ."

"ಊಲ್ಕಾನ್ ಮನೆ ಅಂತ ಹಾಕು."

"ಊಲ್ಕಾನ್ ಯಾರು ಅಂತಾರೆ."

"ನಾನೇ ಕಣೇ ಊಲ್ಕಾನ್!"

"ನನಗೆ ಗೊತ್ತು ಎನೆ, ಚೆನ್ನಾಗೇ ಗೊತ್ತು. ಅವರಿಗೆ ಗೊತ್ತಿರಲ್ಲ."

"ಜಾಗದ ಅಂಕಿ ಹಾಕಿಬಿಡು. ನಕ್ಷೆಯವರು ಹಾಕ್ತಾರಲ್ಲ, ಹಾಗೆ."

"ಅಂಕಿ ಹಾಕೇ ಹಾಕ್ತೀನಿ. ಆದ್ರೆ ನಿಮಗಿಂತ ಮೊದಲಿನವರು ಹೆಸರೇ ಬರೆದಿದಾರೆ, ಅಂಕಿ ಬರೆದಿಲ್ಲ. ಅವರದ್ದೂ ನಿಮ್ಮದೂ ಒಂದೇ ಕೊರಕಲು ಅಂತ ಸೇರಿಸೋಕೆ ಹೆಸರು ಬೇಕೇಬೇಕು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಊಲ್ಕಾನ್ ಬಹಳ ಒದ್ದಾಡಿದಳು. ಕೊನೆಗೆ, "ನೀನೇ ತುಂಬ್ಕೋ, ನಿನ್ನ ನಾಲಿಗೆಗೆ ಮೂಳೆ ಇಲ್ಲವಲ್ಲ," ಎಂದು ಎದ್ದಳು. ಬೆಗಿಮಾಯ್ ತುಂಬಲಿಲ್ಲ. ಮದುವೆಯಾದ ಹೊಸತರಲ್ಲಿ ಸಂತೆ ಬುಧವಾರ ಎಂದು ಹೇಳಿದ ತಪ್ಪಿಗೆ ಇದೇ ಅತ್ತೆ ದಿನವಿಡೀ ಮುಖ ಊದಿಸಿಕೊಂಡಿದ್ದು ಅವಳಿಗೆ ನೆನಪಿತ್ತು. ಹೆಸರಿನ ಜಾಗ ಖಾಲಿ ಬಿಟ್ಟು ಮುಚ್ಚಿಟ್ಟಳು.

ಶುಕ್ರವಾರ ಸಮಿತಿ ಸೇರಿತು. ರಾಜಧಾನಿಯಿಂದ ಬಂದಿದ್ದ ಎಂಜಿನಿಯರ್ ಕುಬಾನಿಚ್ ಅಧ್ಯಕ್ಷ. ನಗರದಲ್ಲೇ ಹುಟ್ಟಿ ಬೆಳೆದವನು, ಗಡಿಬಿಡಿಯ ಮನುಷ್ಯ, ಕೆಟ್ಟವನಲ್ಲ. ಮುಂದಿನ ಸಾಲಿನಲ್ಲಿ ಊರಿನ ಮುದುಕರು ಕೂತಿದ್ದರು, ಬಾಗಿಲ ಬಳಿ ಎರ್ಮೆಕ್ ಮತ್ತು ಅವನ ಜೊತೆಯ ಚಾಲಕರು ಗೋಡೆಗೆ ಒರಗಿದ್ದರು. ಬೆಗಿಮಾಯ್ ತನ್ನ ಕಾಗದದಲ್ಲಿ ತಪ್ಪಾಗಿದೆ ಎಂದು ಒಪ್ಪಿಕೊಂಡು ಅತ್ತೆಯನ್ನು ಮುಂದೆ ಕರೆದಳು.

"ಪಟ್ಟಿಯಲ್ಲಿ ಹಿರಿಯರ ಕೊರಕಲು ಅಂತ ನಾನು ಬರೆದಿರೋದು ಗೋರಿ ಪಕ್ಕದ್ದಲ್ಲ. ಇದು," ಎಂದು ಊಲ್ಕಾನ್ ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟಳು.

"ಇದು ಅಂದ್ರೆ ಯಾವುದು? ಹೆಸರು ಹೇಳಿ ತಾಯಿ, ನಡಾವಳಿಗೆ ಬರ್ಕೋಬೇಕು."

"ಇದೇ. ನೋಡಿ, ನನ್ನ ಬೆರಳಿದೆಯಲ್ಲ."

"ನಿಮ್ಮ ಬೆರಳನ್ನ ಕತ್ತರಿಸಿ ಕಾಗದಕ್ಕೆ ಅಂಟಿಸೋಕಾಗತ್ತಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನಿಂದ ಮುದುಕ ಮಾಮ್ಬೆತ್ ಕೋಲು ಕುಟ್ಟಿದ. "ಆ ಹೆಣ್ಣುಮಗಳ ಬಾಯಿಂದ ಹೇಳಿಸಬೇಡ ಮಗಾ. ಅವಳ ಮಾವ ನನ್ನ ಜೊತೆಗಾರ. ನಾನು ಹೇಳ್ತೀನಿ, ಬರ್ಕೋ."

"ನೀವು ಆ ಠಾಣೆಯಲ್ಲಿ ಕೆಲಸ ಮಾಡಿದ್ರಾ ಅಕ್ಸಾಕಲ್?" ಎಂದು ಅಧ್ಯಕ್ಷ ಮುದುಕರನ್ನು ಕರೆಯುವ ಮರ್ಯಾದೆಯಿಂದಲೇ ಕೇಳಿದ.

"ನಾನು ಕುದುರೆ ಸಾಕಿದವನು."

"ಹಾಗಾದ್ರೆ ಆಗಲ್ಲ, ಬೇಜಾರು ಮಾಡ್ಕೋಬೇಡಿ. ಆ ಹೆಸರು ಬರೆದವರು ಇವರು, ಅದರ ಅರ್ಥ ಇವರೇ ಹೇಳಬೇಕು. ಬೇರೆಯವರು ಊಹೆ ಮಾಡಿದ್ದಕ್ಕೇ ಅಲ್ವಾ ಈ ಎಡವಟ್ಟಾಗಿದ್ದು?"

ಮಾತು ಸರಿಯಾಗಿಯೇ ಇತ್ತು. ಅದೇ ಊಲ್ಕಾನಳನ್ನು ಕಟ್ಟಿಹಾಕಿತು. ಅವಳು ಬೆಗಿಮಾಯ್ ಕಡೆ ನೋಡಿದಳು. ಮೂರು ಹೊತ್ತೂ ಪಟಪಟ ಎನ್ನುವ ಹುಡುಗಿ ಇವತ್ತು ತುಟಿ ಬಿಚ್ಚದೆ ನೆಲ ನೋಡುತ್ತಿದ್ದಳು. ಊಲ್ಕಾನ್ ಬಾಗಿಲ ಕಡೆ ನೋಡಿದಳು. ಮಗನ ಪಕ್ಕದಲ್ಲಿ ಒರಗಿದ್ದ ಚಾಲಕರಲ್ಲಿ ಒಬ್ಬನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ದುಃಖವಾಯಿತು, ಅಧ್ಯಕ್ಷನ ಮೇಲೆ ಸಿಟ್ಟೂ ಬಂತು.

"ಶಾರ್ಶೆನ್," ಎಂದಳು. "ಶಾರ್ಶೆನ್ ಕೊರಕಲು."

ಮುದುಕರು ತಲೆ ತಗ್ಗಿಸಿದರು. ಒರಗಿ ನಿಂತಿದ್ದ ಎರ್ಮೆಕ್ ನೆಟ್ಟಗಾದ. ಅವನು ಹುಟ್ಟಿದಾಗಿನಿಂದ ತಾಯಿಯ ದನಿಯಲ್ಲಿ ಆ ಹೆಸರು ಕೇಳಿರಲಿಲ್ಲ.

ಕುಬಾನಿಚ್ ಬರೆದುಕೊಂಡ. "ಶಾರ್ಶೆನ್. ಆಯ್ತು. ಹಾಗಾದ್ರೆ ತೊಂಬತ್ತೊಂದಾದ ಮೇಲೂ ಹೊಳೆ ದಾಟಿ ಬಂದಿದೆ. ಈ ಜಾಗ ಬೇಡ, ಕೆಳಗಿನ ತಿರುವಿಗೆ ಹಾಕೋಣ. ನೀರು ಸ್ವಲ್ಪ ದೂರ ಆಗತ್ತೆ, ಹೊತ್ಕೊಳ್ಳಲಿ." ಲೇಖನಿ ಮುಚ್ಚುತ್ತಾ ಅವಳನ್ನು ನೋಡಿ, "ಇಷ್ಟೇ ಆಗಿತ್ತಲ್ಲ ತಾಯಿ, ಇದಕ್ಕೆ ಇಷ್ಟು ಹೊತ್ತಾ?" ಎಂದ.

ಅವನಿಗೆ ಗೊತ್ತಿರಲಿಲ್ಲ, ಅವನನ್ನು ಬೈದು ಫಲವೇನು.

ಮನೆಗೆ ಹೋಗುವಾಗ ಎರ್ಮೆಕ್ ಕಾರು ಓಡಿಸುತ್ತಿದ್ದ, ಹೆಂಗಸರಿಬ್ಬರೂ ಹಿಂದೆ ಕೂತಿದ್ದರು. ಬೆಗಿಮಾಯ್ ಲ್ಯಾಪ್‌ಟಾಪ್ ತೆರೆದು ಖಾಲಿ ಜಾಗದಲ್ಲಿ ಹೆಸರು ತುಂಬಿದಳು.

"ಇನ್ನೊಂದು ಉಳಿದಿದೆ ಎನೆ. ಹೆಸರು ಯಾಕೆ ಬದಲಾಗಿತ್ತು ಅಂತ ಕಾರಣ ಹಾಕಬೇಕು. ಇಲ್ಲದಿದ್ರೆ ನೀವು ತಪ್ಪು ಬರೆದ್ರಿ ಅಂದ್ಕೋತಾರೆ."

"ಗೌರವ ಅಂತ ಬರಿ."

"ಅಷ್ಟಕ್ಕೇ ಅವರಿಗೆ ತಿಳಿಯಲ್ಲ. ಎಂಥ ಗೌರವ ಅಂತಾರೆ. ಆ ಅಧ್ಯಕ್ಷನಿಗೇ ತಿಳೀಲಿಲ್ಲವಲ್ಲ, ನಮ್ಮ ಕಾಲದವನೇ."

ಊಲ್ಕಾನ್ ಕಿಟಕಿಯಾಚೆ ನೋಡುತ್ತಾ ಕೂತಳು. ಸೊಸೆ ಹೇಳಿದ್ದು ನಿಜವೆನಿಸಿತು. ಅಷ್ಟು ವರ್ಷ ಹೆಸರು ಹೇಳದೆ ಇದ್ದೇ ಅವಳು ಮಾವನ ಮೇಲಿನ ಗೌರವವನ್ನೆಲ್ಲ ಹೇಳಿದ್ದಳು, ಕೇಳುವವರಿಗೆ ಅದು ತಿಳಿಯುತ್ತಿತ್ತು. ಈಗ ಹೇಳದೆ ಬಿಟ್ಟರೆ ಅದು ಯಾರಿಗೂ ತಿಳಿಯದೆ ಹೋಗುತ್ತಿತ್ತು.

"ಹಾಗಾದ್ರೆ ಉದ್ದಕ್ಕೇ ಬರ್ಕೋ," ಎಂದಳು. "ಠಾಣೆಗೆ ಸೇರಿದ ಮೊದಲನೇ ಚಳಿಗಾಲ ನಾನು ಘಾಟಿ ಇಳಿದು ಮನೆಗೆ ಬಂದಾಗ ಬೂಟು ಕಾಲಿಗೆ ಹೆಪ್ಪುಗಟ್ಟಿ ಹೋಗಿತ್ತು. ಬಾಗಿಲಲ್ಲೇ ಕುಸಿದು ಕೂತೆ. ಮನೆ ತುಂಬ ಜನ ಇದ್ರು, ಗಂಡಸರ ಜೊತೆ ಬೆಟ್ಟದ ಮೇಲಿದ್ದು ಬಂದ ಸೊಸೆ ಅಂತ ಎಲ್ಲರೂ ಮುಖ ತಿರುಗಿಸಿದ್ರು. ಮಾವ ಎದ್ದು ಬಂದ್ರು. ಅಷ್ಟು ದೊಡ್ಡ ಮನುಷ್ಯ, ಎಲ್ಲರ ಮುಂದೆ ನನ್ನ ಕಾಲ ಹತ್ರ ಮಂಡಿಯೂರಿ ಕೂತು, ಬಿಸಿನೀರು ಹಾಕಿ, ತಮ್ಮ ಕೈಯಾರೆ ಬೂಟು ಬಿಡಿಸಿದ್ರು. ನಾನು ನಾಚಿ ಸತ್ತೆ. ನನ್ನ ಮಗಳು ಹಿಮ ಅಳೆದು ಬಂದಿದಾಳೆ, ಜಾಗ ಬಿಡ್ರೋ ಅಂದ್ರು."

ಬೆಗಿಮಾಯ್‌ಳ ಬೆರಳು ಓಡುತ್ತಿತ್ತು. "ಮಾವ ಅಂತಲೇ ಬರೀಲಾ ಎನೆ?"

ಎರ್ಮೆಕ್ ಕನ್ನಡಿಯಲ್ಲಿ ತಾಯಿಯನ್ನು ನೋಡಿದ. ಅವಳು ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಬೇಡ," ಎಂದಳು. "ಶಾರ್ಶೆನ್ ಅಂತ ಬರಿ."