ಬೇಸ್ ಗಿಟಾರ್ ಪಾತ್ರದಲ್ಲಿ

ಸಿದ್ದಗಂಗಮ್ಮ ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಸೇವಂತಿಗೆ ಹಾರ ಹಿಡಿದು, ಸ್ಟೇಜಿನ ಮೂರನೇ ಮೆಟ್ಟಿಲಿಗೆ ಕಾಲಿಟ್ಟಾಗ ‘ಗೋಡೆ’ ಹಾಡು ಶುರುವಾಗಿ ನಾಲ್ಕು ನಿಮಿಷವಾಗಿತ್ತು. ಇನ್ನೂ ಏಳು ನಿಮಿಷ ಬಾಕಿ ಇತ್ತು. ಗಂಗರಾಜು ಬೇಸ್ ಗಿಟಾರಿನ ದಪ್ಪ ತಂತಿಯ ಮೇಲೆ ಬೆರಳಾಡಿಸುತ್ತಲೇ ಬೇಡ ಬೇಡವೆಂದು ತಲೆಯಾಡಿಸಿದ. ಹುಡುಗ ತಾಳಕ್ಕೆ ತಲೆದೂಗುತ್ತಿದ್ದಾನೆ ಎಂದುಕೊಂಡ ಸೋದರತ್ತೆ ತಾನೂ ತಲೆದೂಗುತ್ತ ನಾಲ್ಕನೇ ಮೆಟ್ಟಿಲು ಹತ್ತಿದಳು.

ಅವಳ ಹಿಂದೆ ಅವಳ ಗಂಡ ಆಂಜನಪ್ಪ. ಅವನ ಹೆಗಲ ಮೇಲೆ ಮಡಿಕೆ ಬಿಚ್ಚದ ಹೊಸ ಟವಲ್ಲು, ಕಂಕುಳಲ್ಲಿ ಸ್ಟೀಲ್ ಬಿಂದಿಗೆ. ಅವನ ಹಿಂದೆ ಒಂದು ಬಾಳೆಗೊನೆ, ಗೊನೆಯ ಕೆಳಗೆ ಅದನ್ನು ಹೊತ್ತ ಇಬ್ಬರು ನೆಂಟರು.

ಹೆಗಲಿಗೆ ಆರು ತಂತಿಯ ಗಿಟಾರ್ ತೂಗಿಕೊಂಡು, ಮೈಕ್ ಹಿಡಿದು ಕಣ್ಣು ಮುಚ್ಚಿ ನಿಂತಿದ್ದ ನಾಗಭೂಷಣನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ‘ಗೋಡೆ’ ಅವನೇ ಕಟ್ಟಿದ ಹಾಡು. ಅದರಲ್ಲಿ ಇರುವುದು ಗೋಡೆ ಎನ್ನುವ ಒಂದೇ ಪದ. ಅದನ್ನು ಅವನು ಕೋಪದಿಂದ, ದುಃಖದಿಂದ, ಪಿಸುಗುಟ್ಟಿ, ಅರಚಿ, ಕೊನೆಯ ಎರಡು ನಿಮಿಷ ಗೋಡೆಗೆ ಬೆನ್ನು ಕೊಟ್ಟು ಹಾಡುತ್ತಿದ್ದ. ವಾರವೆಲ್ಲ ತುಮಕೂರಿನಲ್ಲಿ ಹತ್ತನೇ ಕ್ಲಾಸಿನವರಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದ ಅವನು ‘ಕಬ್ಬಿಣದ ಹಲ್ಲು’ ಬ್ಯಾಂಡಿನ ಯಜಮಾನ. ಒಂದೇ ವರ್ಷದಲ್ಲಿ ಇಬ್ಬರು ಬೇಸ್ ಗಿಟಾರಿನವರನ್ನು ಓಡಿಸಿದ್ದ. ಮೂರನೆಯವನೇ ಗಂಗರಾಜು. ಅರ್ಧ ಗಂಟೆಯ ಹಿಂದೆ ನಾಗಭೂಷಣ ಅವನನ್ನು ಪಕ್ಕಕ್ಕೆ ಕರೆದು, ಬೆಂಗಳೂರಿನಿಂದ ಸ್ವರ್ಣಲತಾ ಮೇಡಂ ಬಂದಿದ್ದಾರೆ, ದೊಡ್ಡ ಸಂಗೀತ ಮೇಳಕ್ಕೆ ಒಂದು ಬ್ಯಾಂಡ್ ಆರಿಸಿಕೊಂಡು ಹೋಗುತ್ತಾರೆ, ಇವತ್ತು ನಿನ್ನ ಕಡೆಯಿಂದ ಒಂದು ಎಡವಟ್ಟಾದರೂ ನಾಳೆಯಿಂದ ಬರಬೇಡ ಎಂದಿದ್ದ.

ಗಂಗರಾಜುವಿಗೆ ಬೆಂಗಳೂರೂ ಬೇಕಿರಲಿಲ್ಲ, ಮೇಳವೂ ಬೇಕಿರಲಿಲ್ಲ. ಅವನಿಗೆ ಬೇಕಿದ್ದುದು ತಾನು ನಿಂತಿದ್ದ ಮೂಲೆ. ಸ್ಪೀಕರ್ ಡಬ್ಬಕ್ಕೆ ಮೀನಖಂಡ ತಾಗಿಸಿ ಅಲ್ಲಿ ನಿಂತರೆ ಸದ್ದು ಕಾಲಿನಿಂದ ಹತ್ತಿ ಹೊಟ್ಟೆಗೆ ಬರುತ್ತಿತ್ತು. ಅವನನ್ನು ಯಾರೂ ನೋಡುತ್ತಿರಲಿಲ್ಲ. ಬೇಸ್ ಗಿಟಾರ್ ಮನೆಯ ಫ್ಯಾನಿನ ಹಾಗೆ, ತಿರುಗುವಾಗ ಯಾರ ಗಮನಕ್ಕೂ ಬರುವುದಿಲ್ಲ, ನಿಂತಾಗ ಮಾತ್ರ ಎಲ್ಲರೂ ತಲೆ ಎತ್ತುತ್ತಾರೆ. ತುಮಕೂರಿನ ಸತ್ಯಮಂಗಲದ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಕೊಡಗಳನ್ನು ಅಚ್ಚಿನಿಂದ ಬಿಡಿಸುತ್ತ ವಾರದ ಆರು ದಿನ ಅವನು ಕಾಯುತ್ತಿದ್ದುದು ಭಾನುವಾರದ ಈ ಮೂಲೆಗಾಗಿ. ಊರಿನವರಿಗೆ ಮಾತ್ರ ಭಾನುವಾರ ಓವರ್‌ಟೈಮ್ ಎಂದು ಹೇಳಿದ್ದ.

ಊರಿನವರಿಗೆ ಗೊತ್ತಾಗಿದ್ದು ಕರಪತ್ರದಿಂದ.

ಕುಣಿಗಲ್ ದಾಟಿ ಹೈವೇಯಲ್ಲಿ ಒಂದು ಮೈಲಿ ಹೋದರೆ ಸಿಗುವ ಈ ಜಾಗ ಮೊದಲು ರೈಸ್ ಮಿಲ್ಲಾಗಿತ್ತು. ಉದಯಕುಮಾರನ ತಾತ ಕಟ್ಟಿಸಿದ್ದು, ಅಪ್ಪ ನಡೆಸಿದ್ದು, ಉದಯಕುಮಾರ ನಿಲ್ಲಿಸಿದ್ದು. ಭತ್ತದ ಧೂಳು ಮೂಗಿಗೆ ಹೋದರೆ ಅವನಿಗೆ ಇಪ್ಪತ್ತು ಸೀನು ಬರುತ್ತಿತ್ತು. ಮೆಷೀನುಗಳನ್ನು ಮಾರಿ, ಲಾರಿಗೆ ಮೂಟೆ ಹೇರುವ ಎತ್ತರದ ಕಟ್ಟೆಯನ್ನು ಸ್ಟೇಜು ಮಾಡಿ, ಎದುರಿನ ಭತ್ತ ಒಣಗಿಸುವ ಸಿಮೆಂಟು ಕಣದಲ್ಲಿ ಹೊಂಗೆ ಮರದ ಕೆಳಗೆ ಬಾರ್ ತೆರೆದಿದ್ದ. ಮರಕ್ಕೆ ಒಂದು ಬೋರ್ಡು ಹೊಡೆದಿದ್ದ: ‘ಇಲ್ಲಿ ಸಿನಿಮಾ ಹಾಡು ಹಾಡುವುದಿಲ್ಲ. ಕೇಳಿ ಮುಜುಗರ ಮಾಡಬೇಡಿ.’ ಆದ್ದರಿಂದ ಅಲ್ಲಿಗೆ ಬರುತ್ತಿದ್ದವರು ಎರಡೇ ಜಾತಿ. ಹಾಡಿಗಾಗಿ ಬಿಯರನ್ನು ಸಹಿಸಿಕೊಳ್ಳುವ ಕಾಲೇಜು ಹುಡುಗರು, ಬಿಯರಿಗಾಗಿ ಹಾಡನ್ನು ಸಹಿಸಿಕೊಳ್ಳುವ ಕುಣಿಗಲ್ಲಿನವರು.

ಈ ಸಲ ಉದಯಕುಮಾರ ಕರಪತ್ರವನ್ನು ಗುಬ್ಬಿಯಲ್ಲಿ ಅಚ್ಚು ಹಾಕಿಸಿದ. ಆ ಪ್ರೆಸ್ಸಿನಲ್ಲಿ ನಲವತ್ತು ವರ್ಷದಿಂದ ಅಚ್ಚುಮೊಳೆ ಜೋಡಿಸುತ್ತಿದ್ದ ವೆಂಕಟರಂಗಯ್ಯನಿಗೆ ಕರಪತ್ರವೆಂದರೆ ಎರಡೇ ನಮೂನೆ ಗೊತ್ತಿದ್ದುದು, ತಿಥಿಯದು ಮತ್ತು ಹಳ್ಳಿ ನಾಟಕದ್ದು. ಯೋಚಿಸಿ ಎರಡನೆಯದನ್ನು ಆರಿಸಿದ. ಪಾತ್ರಧಾರಿಗಳ ಊರು, ತಂದೆಯ ಹೆಸರು ಇಲ್ಲದೆ ಕರಪತ್ರ ಬೋಳಾಗಿ ಕಾಣುತ್ತದೆಂದು ತಾನೇ ನಾಲ್ಕು ಕಡೆ ವಿಚಾರಿಸಿ ತುಂಬಿಸಿದ. ಹೀಗೆ, ದಿನಾಂಕ 9-2-2003ನೇ ಭಾನುವಾರ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ, ‘ಬೇಸ್ ಗಿಟಾರ್ ಪಾತ್ರದಲ್ಲಿ: ಶ್ರೀ ಗಂಗರಾಜು ಬಿನ್ ಲೇಟ್ ಜುಂಜಪ್ಪ, ಕಲ್ಲುಪಾಳ್ಯ, ಗುಬ್ಬಿ ತಾಲ್ಲೂಕು’ ಎಂದು ಅಚ್ಚಾಯಿತು. ಕೆಳಗೆ, ‘ಸರ್ವರಿಗೂ ಆದರದ ಸ್ವಾಗತ. ಬಹುಮಾನ ಕೊಡುವವರು ವೇದಿಕೆಗೆ ಬಂದು ಕೊಡತಕ್ಕದ್ದು.’

ಕಲ್ಲುಪಾಳ್ಯದಲ್ಲಿ ಪಾರ್ಟು ಮಾಡುವವನ ಮನೆಯವರು ಸುಮ್ಮನೆ ನಾಟಕ ನೋಡಿ ಬರುವುದಿಲ್ಲ. ರಾಜಪಾರ್ಟಿನವನು ಯುದ್ಧಕ್ಕೆ ಹೊರಟು ಗದೆ ಎತ್ತಿದಾಗ ಅತ್ತೆ ಮಾವ, ಭಾವಮೈದುನರು ಸ್ಟೇಜಿಗೆ ಹತ್ತುತ್ತಾರೆ. ಯುದ್ಧ ನಿಲ್ಲುತ್ತದೆ. ಹಾರ ಬೀಳುತ್ತದೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಎದುರಾಳಿ ರಾಜ ಕಿರೀಟ ತೆಗೆದು ತಲೆ ಕೆರೆದುಕೊಂಡು ನಿಂತಿರುತ್ತಾನೆ, ಆಮೇಲೆ ಯುದ್ಧ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನೆಂಟರು ಯಾರೂ ಹತ್ತದಿದ್ದರೆ ಆ ಪಾರ್ಟಿನವನು ಅನಾಥನೆಂದೇ ಲೆಕ್ಕ. ಅಣ್ಣನ ಮಗ ಹಾಗೆ ಅನಾಥನಾಗಿ ಕುಣಿಗಲ್ಲಿನಲ್ಲಿ ನಿಲ್ಲುವುದನ್ನು ಸಿದ್ದಗಂಗಮ್ಮ ಹೇಗೆ ಸಹಿಸುತ್ತಾಳೆ. ಹದಿನೆಂಟು ಜನರನ್ನು ಟೆಂಪೋದಲ್ಲಿ ತುಂಬಿಸಿಕೊಂಡು ಬಂದಳು.

ಬಂದವರು ಕಣದಲ್ಲಿ ಚಾಪೆ ಹಾಸಿ ಚಿತ್ರಾನ್ನದ ಬುತ್ತಿ ಬಿಚ್ಚಿದರು. ಇಲ್ಲಿ ಕೂತವರು ಏನಾದರೂ ತೆಗೆದುಕೊಳ್ಳಬೇಕು ಎಂದು ಉದಯಕುಮಾರ ಹೇಳಿದಾಗ ಆಂಜನಪ್ಪ ಒಂದು ತುತ್ತು ಚಿತ್ರಾನ್ನ ತೆಗೆದುಕೊಂಡು, ಅವನಿಗೂ ಒಂದು ಎಲೆಯಲ್ಲಿ ಹಾಕಿಕೊಟ್ಟ. ಹಣೆ ತುಂಬ ವಿಭೂತಿ ಬಳಿದಿದ್ದ ಸಿದ್ದಗಂಗಮ್ಮ ನೀರು ಕೇಳಿದಳು. ಅವನು ಸೋಡಾ ಕೊಟ್ಟ. ನಿಮ್ಮ ಬಾವಿಗೆ ಯಾರೋ ಏನೋ ಹಾಕವ್ರೆ, ನಾಲ್ಗೆ ಚುಚ್ತೈತೆ ಎಂದು ವಾಪಸು ಕೊಟ್ಟಳು. ಅಷ್ಟರಲ್ಲಿ ನೆಂಟರಲ್ಲೊಬ್ಬ ಕೌಂಟರಿನ ಪಕ್ಕ ಉಳಿದಿದ್ದ ಮೂಟೆ ತೂಗುವ ಯಂತ್ರವನ್ನು ಕಂಡುಹಿಡಿದ. ಮುಂದಿನ ಅರ್ಧ ಗಂಟೆ ಬಾರಿನ ಮುಂದೆ ಎರಡು ಸಾಲು ನಿಂತಿತು, ಒಂದು ಬಿಯರಿಗೆ, ಇನ್ನೊಂದು ತೂಕಕ್ಕೆ. ತೂಕದ ಸಾಲು ಉದ್ದವಿತ್ತು. ಬಿಯರ್ ಹಿಡಿದ ಕಾಲೇಜು ಹುಡುಗರೂ ಬಂದು ಅದರಲ್ಲಿ ಸೇರಿಕೊಂಡರು. ಆಂಜನಪ್ಪ ಚಿತ್ರಾನ್ನಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಗಿಸಿಕೊಂಡು, ವ್ಯತ್ಯಾಸ ಕಾಣದೆ ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸಿದ. ಇದನ್ನೆಲ್ಲ ಸ್ಟೇಜಿನ ಮೂಲೆಯಿಂದ ನೋಡಿದ ಗಂಗರಾಜು, ತೂಕ ಮುಗಿಯುವುದರೊಳಗೆ ಹಾಡು ಮುಗಿಯಲಿ ಎಂದು ಸಿದ್ಧಗಂಗೆಯ ದೇವರಿಗೆ ಹರಸಿಕೊಂಡಿದ್ದ. ಹನ್ನೊಂದು ನಿಮಿಷದ ಹಾಡಿಗೆ ದೇವರಾದರೂ ಏನು ಮಾಡಲು ಸಾಧ್ಯ.

ಈಗ ಹಾರ ಅವನ ಕೊರಳಿಗೆ ಬಿತ್ತು. ಗಿಟಾರಿನ ಕತ್ತಿಗೂ ಬಿತ್ತು. ಒಂದೇ ಹಾರದೊಳಗೆ ಇಬ್ಬರೂ ಸಿಕ್ಕಿಕೊಂಡು ತಂತಿಗಳು ಸೇವಂತಿಗೆಯಲ್ಲಿ ಮುಳುಗಿದವು. ಬೇಸ್ ನಿಂತಿತು.

ಡ್ರಮ್ಸಿನ ಅಪ್ಪಾಜಿ ಹಿಂದಿನಿಂದ ಇದನ್ನು ನೋಡಿದ. ಅಪ್ಪಾಜಿಯ ತಂದೆ ಹಳ್ಳಿ ನಾಟಕಗಳಿಗೆ ತಬಲ ಬಾರಿಸುತ್ತಿದ್ದವರು. ಹಾರ ಬಿದ್ದಾಗ ಒಂದು ಮುಕ್ತಾಯ ಬಾರಿಸಿ ನಿಲ್ಲಿಸಬೇಕು ಎನ್ನುವುದು ಆ ಮನೆಯಲ್ಲಿ ಹುಟ್ಟಿದ ಕೈಗೆ ತಾನಾಗಿ ಗೊತ್ತಿತ್ತು. ತಡಬಡ ತಡಬಡ ತಡಬಡ ಧಾ ಎಂದು ಬಾರಿಸಿ ಕೋಲು ಕೆಳಗಿಟ್ಟ. ನಾಗಭೂಷಣ ಒಬ್ಬನೇ ನಿಶ್ಶಬ್ದದಲ್ಲಿ ಇನ್ನೂ ಮೂರು ಸಲ ಗೋಡೆ ಎಂದು, ನಾಲ್ಕನೆಯದಕ್ಕೆ ಕಣ್ಣು ಬಿಟ್ಟ. ಕಣ್ಣೆದುರು ಬಾಳೆಗೊನೆ ಇತ್ತು.

ಆಂಜನಪ್ಪ ಅವನ ಕೈಯಿಂದ ಮೈಕನ್ನು ಮೃದುವಾಗಿ, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವಂತೆ, ತೆಗೆದುಕೊಂಡ. ಮೂವತ್ತು ವರ್ಷದಿಂದ ಊರಿನ ನಾಟಕಗಳಲ್ಲಿ ಬಹುಮಾನ ಕೂಗಿದ ಗಂಟಲು ಅದು.

“ಕಲ್ಲುಪಾಳ್ಯದ ಶ್ರೀಮತಿ ಸಿದ್ದಗಂಗಮ್ಮನವರು, ಗಿಟಾರು ಪಾತ್ರಧಾರಿ ಗಂಗರಾಜುರವರ ಪಾತ್ರವನ್ನು ಮೆಚ್ಚಿ, ಒಂದು ಹಾರ, ಒಂದು ಟವಲ್ಲು, ಒಂದು ಸ್ಟೀಲು ಬಿಂದಿಗೆ, ಒಂದು ಗೊನೆ ಪುಟ್ಟಬಾಳೆ ಕಾಣಿಕೆಯಾಗಿ ಕೊಟ್ಟಿರುತ್ತಾರೆ. ಅವರಿಗೆ ನಮ್ಮ ಕಂಪನಿ ವತಿಯಿಂದ ವಂದನೆಗಳು.”

ಕಣದಲ್ಲಿ ಚಪ್ಪಾಳೆ ಎದ್ದಿತು. ಬಿಯರಿಗಾಗಿ ಹಾಡನ್ನು ಸಹಿಸಿಕೊಳ್ಳುತ್ತಿದ್ದವರು ಎರಡು ವರ್ಷದಲ್ಲಿ ಮೊದಲ ಸಲ ಸ್ಟೇಜಿನ ಕಡೆ ಕುರ್ಚಿ ತಿರುಗಿಸಿ ಕೂತರು. ತೂಕದ ಸಾಲಿನಲ್ಲಿದ್ದ ಉಳಿದ ನೆಂಟರೆಲ್ಲ ತಮ್ಮ ತಮ್ಮ ಹಾರ ಹಿಡಿದು ಮೆಟ್ಟಿಲ ಕಡೆ ಹೊರಟರು. ಎಂಟನೇ ಹಾರದ ಹೊತ್ತಿಗೆ ಗಂಗರಾಜುವಿನ ಮೂಗಿನ ಮೇಲಿನ ಭಾಗ ಮಾತ್ರ ಕಾಣುತ್ತಿತ್ತು. ಆ ಭಾಗ ನಾಗಭೂಷಣನನ್ನೇ ನೋಡುತ್ತಿತ್ತು. ನಾಗಭೂಷಣ ಬೆರಳು ಎತ್ತಿ ಗೇಟಿನ ಕಡೆ ತೋರಿಸಿ, ಮುಗೀತು, ನಾಳೆಯಿಂದ ಬೇಡ ಎಂದು ತುಟಿಯಲ್ಲೇ ಹೇಳಿದ.

ಗಂಗರಾಜು ಹಾರದೊಳಗಿನಿಂದ ಏನೋ ಹೇಳಹೋದ. ಬಾಯಿಗೆ ಸೇವಂತಿಗೆ ಬಂತು.

ಸಿದ್ದಗಂಗಮ್ಮನಿಗೆ ಈಗ ಬೇರೆ ಚಿಂತೆ. ಅವಳು ಸ್ಟೇಜನ್ನು ಆ ತುದಿಯಿಂದ ಈ ತುದಿಗೆ ಅಳೆದು ನೋಡಿ ನಾಗಭೂಷಣನ ಹತ್ತಿರ ಹೋದಳು.

“ಏನಪ್ಪ, ನಡೂಮಧ್ಯದ ಪಾರ್ಟು ನಿಂದಾ?”

“ಅಮ್ಮ, ಇದು ನಾಟಕ ಅಲ್ಲ.”

“ಗೊತ್ತು ಬುಡಪ್ಪ. ನಾಟಕ ಆಗಿದ್ರೆ ಎಲ್ಡು ಮಾತಾದ್ರೂ ಇರೋದು. ನೀನು ಆಗ್ಲಿಂದ ಗೋಡೆ ಗೋಡೆ ಅಂತೀಯ, ಅದು ಕಟ್ತೋ ಬಿತ್ತೋ ಗೊತ್ತಾಗ್ಲಿಲ್ಲ. ನಮ್ಮುಡ್ಗನ್ನ ಯಾಕೆ ಮೂಲೆಗೆ ನಿಲ್ಸಿದೀರಿ? ಅವನೇನು ಬಾಗ್ಲು ಕಾಯೋ ಪಾರ್ಟಾ?”

ಬೇಸ್ ಗಿಟಾರಿನವರ ಜಾಗ ಅದೇ, ವಾದ್ಯವೂ ಅದೇ ಎಂದು ನಾಗಭೂಷಣ ಟ್ಯೂಷನ್ನಿನ ದನಿಯಲ್ಲಿ ವಿವರಿಸತೊಡಗಿದ. ಅವಳು ಕೇಳಿಸಿಕೊಂಡು, ನಾಲ್ಕು ತಂತಿಯ ಪಾರ್ಟು ಕೊಟ್ಟು ಆರು ತಂತಿಯದನ್ನು ನೀನು ಇಟ್ಟುಕೊಂಡಿದ್ದೀಯ, ಲೆಕ್ಕ ನನಗೂ ಬರುತ್ತದೆ ಎಂದಳು. ಕಣದಲ್ಲಿ ಮತ್ತೆ ಚಪ್ಪಾಳೆ. ಅಪ್ಪಾಜಿ ಒಂದು ಸಣ್ಣ ಧಾ ಕೊಟ್ಟ.

ಆಗ ಹೊಂಗೆ ಮರದ ಕೆಳಗಿನಿಂದ ಸ್ವರ್ಣಲತಾ ಮೇಡಂ ಎದ್ದು ಬಂದರು. ಕೈಯಲ್ಲಿ ನೋಟ್‌ಬುಕ್ಕು, ಇನ್ನೊಂದು ಕೈಯಲ್ಲಿ ಯಾರೋ ಕೊಟ್ಟ ಚಿತ್ರಾನ್ನ. ಅವರ ಕಣ್ಣಲ್ಲಿ ನೀರು ಬಂದಿತ್ತು. ಚಿತ್ರಾನ್ನದ ಹಸಿಮೆಣಸಿನಕಾಯಿಯಿಂದಲೂ ಇರಬಹುದು. ಹಾಡು ನಡೆಯುತ್ತಿರುವಾಗಲೇ ಅದನ್ನು ಮುರಿದು ಬಂಧುಗಳನ್ನು ಒಳಗೆ ತಂದ ಈ ಕಲ್ಪನೆ ಯಾರದು, ಇದಕ್ಕೆ ಎಷ್ಟು ದಿನ ತಾಲೀಮು ಮಾಡಿದಿರಿ ಎಂದು ಕೇಳಿದರು.

ನಾಗಭೂಷಣ ಗೇಟಿನ ಕಡೆ ತೋರಿಸುತ್ತಿದ್ದ ಬೆರಳನ್ನು ಮಡಚಿಕೊಂಡ.

“ಆರು ತಿಂಗಳು ಮೇಡಂ. ಕಲ್ಪನೆ ನಂದೇ,” ಎಂದ.

ಆಯ್ಕೆ ಆಗಿಹೋಯಿತು. ಮೇಡಂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೇ ಬಿಟ್ಟರು. ಮುಂದಿನ ತಿಂಗಳು ಬೆಂಗಳೂರು, ಹದಿನೆಂಟು ಜನ ನೆಂಟರೂ ಬರಬೇಕು, ಬಾಳೆಗೊನೆಯೂ ಬರಬೇಕು. ಒಂದೇ ಒಂದು ಬದಲಾವಣೆ. ಈ ಅಮ್ಮ ಹೇಳಿದ್ದು ಸರಿ, ಇಷ್ಟು ಹಾರ ಬೀಳುವ ಮನುಷ್ಯ ಮೂಲೆಯಲ್ಲಿ ನಿಲ್ಲಬಾರದು, ನಡುವೆ ನಿಂತು ಅವನೇ ಹಾಡಬೇಕು. ಸಿದ್ದಗಂಗಮ್ಮ ಈ ಹೆಣ್ಣುಮಗಳಿಗೆ ಬುದ್ಧಿ ಐತೆ ಎಂದು ಗೊನೆಯಿಂದ ಒಂದು ಹಣ್ಣು ಕಿತ್ತುಕೊಟ್ಟಳು.

ನಾಗಭೂಷಣನ ಮುಖ ಕೆಂಪಾಗಿ, ಕಪ್ಪಾಗಿ, ಕೊನೆಗೆ ಬೆಂಗಳೂರಿನ ಬಣ್ಣಕ್ಕೆ ಬಂತು. ಆಂಜನಪ್ಪನ ಕೈಯಿಂದ ಮೈಕನ್ನು ಇಸಿದುಕೊಂಡು ಮೂಲೆಗೆ ನಡೆದ. ಗಂಗರಾಜುವಿನ ಕೊರಳಿನಿಂದ ಮೇಲಿನ ಎರಡು ಹಾರಗಳನ್ನು ತಾನೇ ತೆಗೆದು ಬಾಯಿ ಬಿಡಿಸಿದ. ಮೇಡಂಗೆ ಕೇಳಿಸದಷ್ಟು ಮೆಲ್ಲಗೆ, ಮೊದಲು ಹೇಳಿದ್ದನ್ನು ಮರೆತುಬಿಡು, ಇನ್ನು ಮೇಲೆ ಬ್ಯಾಂಡಿನಲ್ಲಿ ನಿನ್ನದೇ ಮೊದಲ ಹೆಸರು, ಬೇಕಿದ್ದರೆ ‘ಗೋಡೆ’ ಹಾಡೂ ನಿನ್ನದೇ ಎಂದು ಬರೆಸೋಣ ಎಂದ. ಹಾಡಲು ಬರದಿದ್ದರೂ ಚಿಂತೆಯಿಲ್ಲ, ಒಂದೇ ಪದ, ಹೇಗೆ ಅಂದರೂ ನಡೆಯುತ್ತದೆ.

“ತಗೋ ಗಂಗರಾಜು,” ಎಂದು ಮೈಕನ್ನು ಅವನ ಎದೆಯ ಹತ್ತಿರ ಹಿಡಿದ. “ನಡುವೆ ಬಾ. ನೀನು ಬರ್ಲಿಲ್ಲ ಅಂದ್ರೆ ಬ್ಯಾಂಡೂ ಇಲ್ಲ, ನೀನೂ ಇಲ್ಲ.”

ಸ್ಟೇಜಿನ ಮೇಲೂ ಕೆಳಗೂ ಇದ್ದ ನೆಂಟರೆಲ್ಲ ಮೂಲೆಯ ಕಡೆ ಕತ್ತು ಚಾಚಿದರು. ತೂಕದ ಯಂತ್ರದ ಮೇಲೆ ನಿಂತಿದ್ದ ಕಾಲೇಜು ಹುಡುಗ ಇಳಿಯುವುದನ್ನು ಮರೆತ. ಹೋಗ್ಲಾ ಮಗ, ನಿಮ್ಮಪ್ಪನಿಗೂ ನಡೂ ಪಾರ್ಟು ಸಿಕ್ಕಿರಲಿಲ್ಲ ಎಂದು ಸಿದ್ದಗಂಗಮ್ಮ ಅವನ ಬೆನ್ನಿಗೆ ಕೈ ಹಚ್ಚಿ ತಳ್ಳಿದಳು.

ಗಂಗರಾಜು ಮೈಕನ್ನು ನೋಡಿದ. ಸ್ಟೇಜಿನ ನಡುವನ್ನು ನೋಡಿದ. ಅಲ್ಲಿ ಸಂಜೆಯ ಬಿಸಿಲೂ ಎಲ್ಲರ ಕಣ್ಣೂ ಬೀಳುತ್ತಿದ್ದವು. ಅವನು ಗಿಟಾರಿನ ಕತ್ತಿನಿಂದ ಸೇವಂತಿಗೆಯನ್ನು ಒಂದೊಂದಾಗಿ ಬಿಡಿಸಿದ, ಹಾರಗಳ ಎಳೆದಾಟದಲ್ಲಿ ಕಳಚಿಹೋಗಿದ್ದ ವೈರನ್ನು ತಡಕಿ ಸಿಕ್ಕಿಸಿದ, ಒಂದು ಹೆಜ್ಜೆ ಹಿಂದೆ ಸರಿದು ಮೀನಖಂಡವನ್ನು ಸ್ಪೀಕರ್ ಡಬ್ಬಕ್ಕೆ ಒರಗಿಸಿದ.

“ಬ್ಯಾಡ,” ಎಂದ. “ನಾನು ಇಲ್ಲೇ ನಿಂತ್ಕತೀನಿ.”