ದ್ಯಾಮವ್ವನ ಎದುರಿನ ಬಾಗಿಲು

ಶೃತಿ ಶಾಲೆಯಿಂದ ಬಂದ ಕೂಡಲೇ ನಾನು ಅವಳ ಚೀಲದಿಂದ ನೀರಿನ ಬಾಟಲಿ ಎತ್ತಿ ನೋಡುತ್ತಿದ್ದೆ. ಬೆಳಿಗ್ಗೆ ತುಂಬಿ ಕಳಿಸಿದ್ದು ಸಂಜೆ ತುಂಬಿದಂತೆಯೇ ಮರಳಿ ಬರುತ್ತಿತ್ತು. ನೀರು ಕುಡಿದರೆ ಏಳಬೇಕಾಗುತ್ತದೆ, ಎದ್ದರೆ ಹೋಗಲು ಜಾಗವಿಲ್ಲ, ಹಾಗಾಗಿ ಕುಡಿಯುವುದೇ ಬೇಡ. ನಾಲ್ಕನೇ ಇಯತ್ತೆಯ ನನ್ನ ಮಗಳು ಕಂಡುಕೊಂಡಿದ್ದ ದಾರಿ ಅದು. ನಾನು ಬೈದೆ, ರಮಿಸಿದೆ, ಲಿಂಬೆಹಣ್ಣು ಸಕ್ಕರೆ ಹಾಕಿ ಕೊಟ್ಟೆ. ಶರಬತ್ತೂ ಹಾಗೇ ವಾಪಸು ಬಂತು.

ಕಡೆಗೆ ಆಗುವುದೇ ಆಯಿತು. ಉರಿಮೂತ್ರ ಹತ್ತಿಕೊಂಡಿತು. ಲಕ್ಷ್ಮೇಶ್ವರದ ಡಾಕ್ಟರು ಗುಳಿಗೆ ಕೊಟ್ಟು, "ನೀರು ಕುಡಸ್ರಿ, ತಡಕೊಂಡು ಕುಂಡ್ರಾಕ ಬಿಡಬ್ಯಾಡ್ರಿ" ಎಂದರು. ಗುಳಿಗೆ ಮುಗಿಯಿತು, ಉರಿ ಮತ್ತೆ ಬಂತು. ನನ್ನ ಗಂಡ ಹೊನ್ನೇಶನಿಗೆ ತಾಳ್ಮೆ ಕಡಿಮೆ. "ಪಂಚಮಿ ಹಬ್ಬ ಮುಗೀಲಿ, ಗದಗಿನ ಅಕ್ಕನ ಮನ್ಯಾಗ ಬಿಟ್ಟು ಬರ್ತೀನಿ. ಅಲ್ಲೇ ಸಾಲಿ ಕಲೀಲಿ" ಎಂದು ಹೇಳಿಬಿಟ್ಟ. ಒಂಬತ್ತು ವರ್ಷದ ಕೂಸು. ತಲೆ ಬಾಚಿಕೊಳ್ಳಲು ಇನ್ನೂ ನೆಟ್ಟಗೆ ಬರುವುದಿಲ್ಲ.

ಹಾಗೆಂದು ನಮ್ಮೂರ ಶಾಲೆಯಲ್ಲಿ ಶೌಚಾಲಯ ಇಲ್ಲವೆಂದು ತಿಳಿಯಬೇಡಿ. ಇದೆ. ಹೊಸದು, ಒಳಗೆ ಬಿಳಿ ಟೈಲ್ಸು, ನಳ, ಮೇಲೆ ನೀರಿನ ಟಾಕಿ. ಬಾಗಿಲಿಗೆ ಒಂದು ಬೀಗ. ಆ ಬೀಗ ಬಿದ್ದು ವರ್ಷವಾಗುತ್ತ ಬಂದಿತ್ತು.

ಕಾರಣ ಕೇಳಿದರೆ ನಿಮಗೂ ತಲೆ ಕೆಡುತ್ತದೆ. ಶೌಚಾಲಯದ ಬಾಗಿಲು ರಸ್ತೆಯಾಚೆಯ ದ್ಯಾಮವ್ವನ ಗುಡಿಗೆ ಎದುರಾಗಿ ಬಂದಿದೆ. ಕಟ್ಟುವಾಗ ಯಾರಿಗೂ ಅದು ಕಾಣಲಿಲ್ಲ, ಏಕೆಂದರೆ ಇಂಥದ್ದನ್ನೆಲ್ಲ ಕಾಣುವ ಯಂಕಪ್ಪಜ್ಜ ಆಗ ಮುಂಡರಗಿಯ ಮಗಳ ಮನೆಗೆ ಹೋಗಿದ್ದ. ಗುಡಿಯ ಹಿರಿಯ ಅವನು. ಬಸ್ಸಿಳಿದವನು ಮನೆಗೆ ಹೋಗುವ ಮೊದಲೇ ಶಾಲೆಗೆ ಬಂದ. "ಅವ್ವನ ಮಾರಿ ಮುಂದ ಪಾಯಖಾನಿ ಬಾಗಲಾ ಇಟ್ಟೀರಲ್ಲ, ನಿಮ್ಮ ಬುದ್ಧಿಗೆ ಏನ ಆಗೇತಿ?" ಎಂದು ಅಂಗಳದಲ್ಲಿ ನಿಂತು ಕೂಗಾಡಿದ. ಹೆಡ್‌ಮಾಸ್ತರು ಮೌನೇಶ ಸರ್ ಒಳ್ಳೆಯವರೇ, ಆದರೆ ಯಾರಾದರೂ ದನಿ ಏರಿಸಿದರೆ ಅವರ ಕೈ ತಾನಾಗಿ ಬೀಗ ಹುಡುಕುತ್ತದೆ. ಅಂದೇ ಜಡಿದರು.

ಪಾಲಕರು, ಶಿಕ್ಷಕರು ಕೂಡಿ ಶಾಲೆ ನೋಡಿಕೊಳ್ಳಲಿ ಎಂದು ಒಂದು ಸಮಿತಿ ಇದೆ. ಅದಕ್ಕೆ ಅಧ್ಯಕ್ಷೆ ನಾನು. ನನ್ನ ಪುಣ್ಯ. ಆ ಬಾಗಿಲಿನ ಬಗ್ಗೆ ನಾವು ಕೂತು ಮಾತಾಡಿದಷ್ಟು ಊರಿನಲ್ಲಿ ಯಾರೂ ಯಾವುದರ ಬಗ್ಗೆಯೂ ಮಾತಾಡಿರಲಿಕ್ಕಿಲ್ಲ. ಅಡ್ಡ ಗೋಡೆ ಕಟ್ಟೋಣ ಎಂದು ಒಬ್ಬರೆಂದರೆ, ಗೋಡೆಯ ನೆರಳು ಗುಡಿ ಕಟ್ಟೆಗೆ ಬೀಳುತ್ತದೆ ಎಂದು ಇನ್ನೊಬ್ಬರು. ಸದಸ್ಯ ನೀಲಪ್ಪ ಮಾತ್ರ ಎಲ್ಲದಕ್ಕೂ ಒಂದೇ ಮಾತು ಹೇಳುತ್ತಿದ್ದ. "ಮುಂದಿನ ಮೀಟಿಂಗಿನ್ಯಾಗ ನೋಡೂಣ್ರಿ."

ಒಮ್ಮೆ ಹೇಗೋ ತೀರ್ಮಾನವಾಯಿತು. ಇದ್ದ ಬಾಗಿಲು ಮುಚ್ಚಿ ಹಿಂದಿನ ಗೋಡೆ ಒಡೆದು ಅಲ್ಲಿ ಬಾಗಿಲು ಇಡುವುದು. ಎಲ್ಲರಿಗೂ ಬಿಡುವಿರುವ ದಿನವೆಂದು ಗೌಂಡಿ ಮಾಶಾಕನನ್ನು ಮಂಗಳವಾರ ಕರೆಸಿದೆವು. ಮಂಗಳವಾರ ಬಿಡುವು ಯಾಕೆಂದರೆ ಅಂದು ಊರೆಲ್ಲ ದ್ಯಾಮವ್ವನ ವಾರ ಹಿಡಿದಿತ್ತು. ಆಷಾಢದ ಮಂಗಳವಾರಗಳಂದು ನಮ್ಮಲ್ಲಿ ಎತ್ತು ಹೂಡುವುದಿಲ್ಲ, ಸಂಜೆ ದೀಪ ಹಚ್ಚುವವರೆಗೆ ಒಲೆ ಹೊತ್ತಿಸುವುದಿಲ್ಲ, ಸುತ್ತಿಗೆಯನ್ನಂತೂ ಎತ್ತುವಂತೆಯೇ ಇಲ್ಲ. ಮಾಶಾಕ ಸುತ್ತಿಗೆ ಹಿಡಿದುಕೊಂಡು ನಮ್ಮ ಮುಖ ನೋಡಿದ, ನಾವು ಅವನ ಮುಖ ನೋಡಿದೆವು. ಅವನು ಮರುದಿನ ಗದಗಿಗೆ ದೊಡ್ಡ ಕೆಲಸಕ್ಕೆ ಹೋದವನು ಆಮೇಲೆ ಫೋನೇ ಎತ್ತಲಿಲ್ಲ.

ಅದರ ಮುಂದಿನ ಮಂಗಳವಾರ ನಾನು ಮತ್ತೆ ಸಭೆ ಕರೆದೆ. ಪಂಚಮಿ ಹತ್ತಿರ ಬಂದಿತ್ತು. ಮಕ್ಕಳ ಊಟವಾದ ಮೇಲೆ ಎರಡನೇ ಇಯತ್ತೆಯ ಕೋಣೆಯಲ್ಲಿ ಜಮಖಾನೆ ಹಾಸಿ ಕೂತೆವು. ಮೋಡ ಮುಚ್ಚಿತ್ತು, ಮಳೆಯಿಲ್ಲ, ಮೈಯೆಲ್ಲ ಬೆವರು. ಶಾಲೆ ಮಕ್ಕಳ ಅಡಿಗೆಗಷ್ಟೇ ದ್ಯಾಮವ್ವನ ವಾರದಿಂದ ಮಾಫಿ, ದೊಡ್ಡವರ ಚಹಾಕ್ಕೆ ಇಲ್ಲ. ಅದಕ್ಕೆ ನಾನು ಮನೆಯಿಂದ ಒಂದು ಕೊಡ ಮಜ್ಜಿಗೆ ತಂದಿದ್ದೆ, ಶುಂಠಿ ಕೊತ್ತಂಬರಿ ಹಾಕಿ. ಯಂಕಪ್ಪಜ್ಜ ಸಮಿತಿಯ ಸದಸ್ಯನಲ್ಲ, ಆದರೆ ಅವನಿಲ್ಲದೆ ಸಭೆ ಸಭೆಯಾಗುವುದಿಲ್ಲ. ಮಜ್ಜಿಗೆ ಕಂಡರೆ ಬಿಡುವವನೂ ಅಲ್ಲ. ಲೋಟದ ಮೇಲೆ ಲೋಟ ಇಳಿಸಿದ.

ಸಭೆ ಎಂದಿನಂತೆ ಉದ್ದವಾಗತೊಡಗಿತು. ರೇಷ್ಮಾ ಟೀಚರ್‌ಗೆ ಸಾಕಾಗಿತ್ತು. "ನಾ ಅಡಿಗಿ ಮಾಡೂ ಸಾವಂತ್ರೆವ್ವನ ಮನಿಗರ ಹೋಗಿ ಬರ್ತೀನ್ರಿ. ಇಷ್ಟು ಹುಡುಗ್ಯಾರು ಎಲ್ಲಿಗಿ ಹೋಗಬೇಕು?" ಎಂದರು.

ನೀಲಪ್ಪ ಚಾವಣಿಯ ಕಡೆ ನೋಡಿದ. ಯಂಕಪ್ಪಜ್ಜ ಮೀಸೆಗೆ ಹತ್ತಿದ ಮಜ್ಜಿಗೆ ಒರೆಸಿಕೊಂಡು, "ಅದೇನ ಅಂಥಾ ದೊಡ್ಡ ಮಾತವ್ವಾ. ಸಂಜಿತನಾ ತಡಕೊಂಡ್ರ ಆತು. ನಮ್ಮ ಕಾಲದಾಗ ಹೆಣ್ಮಕ್ಕಳು ಹೊತ್ತು ಮುಣಗೂತನಾ ತಡಕೋತಿದ್ರು" ಎಂದ.

ನನಗೆ ಮೈಯೆಲ್ಲ ಉರಿಯಿತು. ಏನಾದರೂ ಅಂದುಬಿಡುತ್ತೇನೆಂದು ಸೆರಗು ಬಾಯಿಗೆ ಹಿಡಿದುಕೊಂಡೆ.

ಮಾತು ನೆರಳು ಬೀಳುವ ಗೋಡೆಗೆ ಮರಳಿತು. ಅಷ್ಟರಲ್ಲಿ ಯಂಕಪ್ಪಜ್ಜ ಮಗ್ಗಲು ಬದಲಿಸಿದ. ಮತ್ತೆ ಬದಲಿಸಿದ. ಅವನಿಗೆ ಸಕ್ಕರೆ ಕಾಯಿಲೆ, ಊರಿಗೇ ಗೊತ್ತು. "ಒಂಚೂರು ಬಂದೆ" ಎಂದು ಎದ್ದು ಹೊರಗೆ ಹೋದ. ಗಂಡಸರಿಗೆ ಶಾಲೆಯ ಹಿಂದಿನ ಗೋಡೆ ಇದೆಯಲ್ಲ, ಅದಕ್ಕೆ ಬೀಗ ಹಾಕುವವರು ಯಾರು. ಆದರೆ ಹೋದ ಹಾಗೇ ಬಂದು ಕೂತ. ಕಿಟಕಿಯಿಂದ ಇಣುಕಿದೆ. ಒಲೆಯಿಲ್ಲ, ಹೊಲವಿಲ್ಲ, ಊರ ಹೆಂಗಸರೆಲ್ಲ ಹೊರಗೇ ಇದ್ದರು. ಹಿಂದಿನ ಗೋಡೆಗೆ ಎದುರಾಗಿ ಬೇವಿನ ಮರದ ಕೆಳಗೆ ಬತ್ತಿ ಹೊಸೆಯುತ್ತ ಒಂದು ಗುಂಪು, ಗುಡಿ ಕಟ್ಟೆಯ ಮೇಲೆ ಇನ್ನೊಂದು. ಯಂಕಪ್ಪಜ್ಜನ ಮನೆ ಊರ ಆ ತುದಿಗೆ.

"ಯಾಕ ಅಜ್ಜಾ, ಆರಾಮಿಲ್ಲೇನು?" ಕೇಳಿದೆ.

"ಆರಾಮ ಅದೀನಿ. ಮಾತು ಮುಗಸ್ರಿ ಜಲ್ದಿ."

"ಮುಗಸೂಣಂತ. ಮಜ್ಜಿಗಿ ತಗೋರಿ" ಎಂದು ಅವನ ಲೋಟ ತುಂಬಿದೆ. ಅವನು ಮುಟ್ಟಲಿಲ್ಲ. ಹಣೆಯಲ್ಲಿ ಬೆವರು ಮೂಡಿತ್ತು, ಮೊಣಕಾಲುಗಳನ್ನು ಒತ್ತಿ ಹಿಡಿದಿದ್ದ. ನಮ್ಮ ಶೃತಿಯೂ ಸಂಜೆ ಓಡಿ ಬಂದು ಹೊಸ್ತಿಲಲ್ಲಿ ಹಾಗೇ ನಿಲ್ಲುತ್ತಾಳೆ. ಪಾಪ ಎನಿಸಿತು, ಸಿಟ್ಟೂ ಏರಿತು. ಸಿಟ್ಟೇ ಗೆದ್ದಿತು.

"ಸಂಜಿತನಾ ತಡಕೊಂಡ್ರ ಆತಲ್ಲ ಅಜ್ಜಾ" ಎಂದೆ.

ಮೌನೇಶ ಸರ್ ನನಗೆ ಕಣ್ಣಲ್ಲೇ ಬೇಡ ಎಂದರು. ನಾನು ನಿಲ್ಲಿಸಲಿಲ್ಲ.

"ನೀವು ಈಗ ಅರ್ಧಾ ತಾಸು ತಡದೀರಿ. ನನ್ನ ಮಗಳು ದಿನಾ ತಡೀತಾಳ್ರಿ. ಉರೀತೈತಿ ಅಂತ ಅಳತಾಳು. ಪಂಚಮಿ ಆದಮ್ಯಾಲ ಅಕಿನ್ನ ಗದಗಕ್ಕ ಬಿಟ್ಟು ಬರಾವ್ರದೀವಿ. ಒಂದು ಕೀಲಿ ಸಂಬಂಧ ನನ್ನ ಕೂಸು ನನ್ನ ಮನ್ಯಾಗ ಇರಂಗಿಲ್ಲ. ಇದು ಅವ್ವಗ ಚಂದ ಕಾಣತೈತೇನು?"

ಯಂಕಪ್ಪಜ್ಜ ನನ್ನನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ.

"ಮಾಸ್ತರ, ಕೀಲಿ ತಗೀರಿ" ಎಂದ.

"ಅಜ್ಜಾರ, ಠರಾವು ಆಗದ ಹೆಂಗ..." ಮೌನೇಶ ಸರ್ ತಡವರಿಸಿದರು.

"ಠರಾವು ಆಮ್ಯಾಲ ಬರಕೋರಿ. ಮೊದಲ ಕೀಲಿ."

"ಮುಂದಿನ ಮೀಟಿಂಗಿನ್ಯಾಗ..." ಎಂದು ಬಾಯಿ ತೆರೆದ ನೀಲಪ್ಪನನ್ನು ಅಜ್ಜ ಹೇಗೆ ನೋಡಿದನೆಂದರೆ, ಅವನು ಮಾತು ನುಂಗಿದ.

ತುಕ್ಕು ಹಿಡಿದಿದ್ದ ಬೀಗ ತೆಗೆಯಲು ಮೌನೇಶ ಸರ್ ಹೆಣಗಾಡಿದರು. ಪಕ್ಕದಲ್ಲಿ ಯಂಕಪ್ಪಜ್ಜ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತಿದ್ದ. ಗುಡಿ ಕಟ್ಟೆಯ ಹೆಂಗಸರು ಮಾತು ಬಿಟ್ಟು ನೋಡತೊಡಗಿದರು. ಬೀಗ ಬಿಚ್ಚಿತು. ದ್ಯಾಮವ್ವನ ನೇರ ಎದುರಿಗೆ, ಊರ ಹೆಂಗಸರ ಎದುರಿಗೆ, ಯಂಕಪ್ಪಜ್ಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಹೊರಬಂದವನು ಅಂಗಳದ ನಳದಲ್ಲಿ ಕೈಕಾಲು ತೊಳೆದು, ಗುಡಿಯ ಕಡೆ ತಿರುಗಿ ಕೈ ಮುಗಿದ. ನಮ್ಮ ಕಡೆ ಬಂದು, "ಬಾಗಲಾ ಹಾಕ್ಕೊಂಡ ಮ್ಯಾಲ ಅವ್ವಗ ಏನ ಕಾಣತೈತಿ" ಎಂದ. ವರ್ಷವಿಡೀ ಬೇಡವೆಂದವರು ನಾವೇ ಎಂಬಂತಿತ್ತು ಅವನ ಮಾತು. ನನಗೆ ಹಲ್ಲು ಕಡಿಯುವಂತಾಯಿತು, ರೇಷ್ಮಾ ಟೀಚರ್ ಮೆಲ್ಲಗೆ ನನ್ನ ಕೈ ಅದುಮಿದರು. ಇನ್ನು ಆ ಕೀಲಿ ಯಾರ ಹತ್ತಿರ ಇರಬೇಕೆಂದು ನೀಲಪ್ಪ ಚರ್ಚೆ ತೆಗೆದ. ನಾನು ಬೀಗ, ಕೀಲಿ ಎರಡನ್ನೂ ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದೆ.

ಮರುದಿನ ಸಂಜೆ ಹೊನ್ನೇಶ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಅಕ್ಕನ ಜೊತೆ ಮಾತಾಡುತ್ತಿದ್ದ. ಶೃತಿಯ ಬಟ್ಟೆ, ಪುಸ್ತಕ ಯಾವಾಗ ತರುವುದೆಂದು ಅವರಿಬ್ಬರೂ ಗೊತ್ತು ಮಾಡುತ್ತಿದ್ದರು. ಅಷ್ಟರಲ್ಲಿ ಶೃತಿ ಬಂದಳು. ಚೀಲ ಎತ್ತಿದೆ, ಹಗುರವಾಗಿತ್ತು. ಬಾಟಲಿಯಲ್ಲಿ ಒಂದು ಹನಿಯಿಲ್ಲ. ಇಷ್ಟು ದಿನ ನೀರನ್ನು ಹೊತ್ತಾದರೂ ತರುತ್ತಿದ್ದಳು, ಇಂದು ದಾರಿಯಲ್ಲೇ ಚೆಲ್ಲಿ ಬಂದಳೆಂದು ಪಿತ್ತ ನೆತ್ತಿಗೇರಿತು.

"ಎಲ್ಲಿ ಚೆಲ್ಲಿದಿ?" ಎಂದು ಗದರಿದೆ.

"ಚೆಲ್ಲಿಲ್ಲವ್ವಾ. ಕುಡದೆ" ಎಂದಳು ಶೃತಿ. "ನಾಳಿಗೆ ದೊಡ್ಡ ಬಾಟ್ಲಿ ಕೊಡು, ಇದು ಸಾಲವಲ್ದು."

ಹೊನ್ನೇಶ ಫೋನನ್ನು ಕಿವಿಯಿಂದ ಸರಿಸಿ ಮಗಳನ್ನು ನೋಡಿದ. "ಸದ್ಯಕ್ಕ ಬ್ಯಾಡಕ್ಕಾ, ಆಮ್ಯಾಲ ಫೋನ್ ಮಾಡ್ತೀನಿ" ಎಂದು ಇಟ್ಟುಬಿಟ್ಟ.